ಬೆಟ್ಟದ ದಾರಿಯಲ್ಲಿ ವ್ರತಿ

ಮಾರ್ಗಶಿರ, ಪುಷ್ಯ ಮಾಸಗಳ ತಿಳಿಯಾದ ಬೆಳಗಿನಲ್ಲಿ ಅಜ್ಜಂಪುರದ ಅಮೃತಮಹಲ್ ಕಾವಲಿನ ಬಯಲಲ್ಲಿ ನಿಂತು ನೈಋತ್ಯದ ಕಡೆಗೆ ದೃಷ್ಟಿ ಹಾಯಿಸಿದವರಿಗೆ ಬಾಬಾಬುಡನ್ ಗಿರಿಶ್ರೇಣಿಯು ನೀಲಿಯ ಗೋಡೆಯಂತೆ ತೋರುತ್ತದೆ. ಬಯಲುಸೀಮೆಯ ಅಂಚಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಗೋಡೆಯ ಮೇಲೇನಿದೆ ಎಂಬ ಕುತೂಹಲ ಸಹಜವಾದುದು. ತರೀಕೆರೆಯ ಮೇಲೆ ಹಾಯ್ದು, ಲಿಂಗದಹಳ್ಳಿಯನ್ನು ದಾಟಿ, ಕಲ್ಲತ್ತಿಗಿರಿಯ ಜಲಪಾತದ ಮಗ್ಗುಲಲ್ಲಿ ಏರಿದರೆ ಕೆಮ್ಮಣ್ಣುಗುಂಡಿ. ಹಿಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಳಿಯುತ್ತಿದ್ದುದು ಇಲ್ಲಿಂದಲೇ. ಊರಿನ ಹೆಸರೇ ಅದನ್ನು ಸಾರುತ್ತದೆ. ಅಲ್ಲಿಂದ ಮುಂದೆ ಶಾಂತಿ ಜಲಪಾತವನ್ನು ಹಾದು ಝಡ್ ಪಾಯಿಂಟ್ ಎಂಬ ಕೋಡಿಗೆ ಹೋಗುವ ದಾರಿ ಕಾಲುದಾರಿ. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಪ್ರಪಾತ. ರಜೆಯ ದಿನ ಗೆಳೆಯರು ಕೂಡಿ ಬುತ್ತಿ ಕಟ್ಟಿಕೊಂಡು ಇಂತಹ ದಾರಿಯನ್ನು ನಡೆಯುವುದು ಈಗ ಎಲ್ಲ ಕಡೆಯಲ್ಲಿಯೂ ಕಂಡುಬರುವ ಸಂಗತಿಯಾಗಿದೆ. ಶ್ರಾವಕರ ಮನೆಯ ಮಕ್ಕಳು ಇದಕ್ಕೆ ಹೊರತಲ್ಲ.

ಹೀಗಿರಲು, ವ್ರತವನ್ನು ಸ್ವೀಕರಿಸಿದ ಗೃಹಸ್ಥನು ಇಂತಹ ಸಂಚಾರಕ್ಕೆ ಹೋಗಬಹುದೇ ಎಂಬ ಪ್ರಶ್ನೆ ಮನೆಗಳಲ್ಲಿ ಏಳುತ್ತದೆ. ಹಿರಿಯರು ಒಂದೇ ಮಾತಿನಲ್ಲಿ, ‘ಇದು ಅನರ್ಥದಂಡ’ ಎಂದುಬಿಡುತ್ತಾರೆ. ಕಿರಿಯರು, ‘ವಿಂಧ್ಯಗಿರಿಯನ್ನು ಹತ್ತುವುದಿಲ್ಲವೇ? ಶಿಖರ್ಜಿಗೆ ಹೋಗುವುದಿಲ್ಲವೇ? ಬೆಟ್ಟವೆಂದರೆ ಬೆಟ್ಟವೇ’ ಎಂದು ಮರುನುಡಿಯುತ್ತಾರೆ. ಎರಡೂ ಉತ್ತರಗಳು ಅವಸರದವು.

ಹಿರಿಯರ ಮಾತಿಗೆ ಶಾಸ್ತ್ರದ ಆಧಾರವುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ, ಪ್ರಮಾದಚರ್ಯೆ ಎಂಬ ಬಗೆಯಲ್ಲಿ ಪ್ರಯೋಜನವಿಲ್ಲದೆ ನೆಲವನ್ನಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಕೀಳುವುದು ಇವುಗಳೊಡನೆ ತಾನು ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದ್ದಾರೆ. ಅಲೆದಾಟವೂ ದಂಡವೇ! ಆದರೆ ಇಲ್ಲಿ ತೂಕವೆಲ್ಲ ಬಿದ್ದಿರುವುದು ‘ಪ್ರಯೋಜನವಿಲ್ಲದೆ’ ಎಂಬುದರ ಮೇಲೆ. ಗೃಹಸ್ಥನಿಗೆ ಪ್ರಯೋಜನವೆಂದರೆ ವ್ಯಾಪಾರ, ಬೇಸಾಯ, ಮದುವೆ ಮುಂಜಿಗಳು ಮಾತ್ರವೇ? ವಾರವಿಡೀ ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ಲೆಕ್ಕ ಬರೆದು ಬೇಸತ್ತವನು ಗೆಳೆಯರೊಡನೆ ಒಂದು ದಿನ ಶುದ್ಧವಾದ ಗಾಳಿಯಲ್ಲಿ ನಡೆದು, ಸೌಹಾರ್ದವನ್ನು ಬೆಳೆಸಿಕೊಂಡು, ಶಾಂತಚಿತ್ತನಾಗಿ ಹಿಂತಿರುಗಿದರೆ ಅದನ್ನು ನಿಷ್ಪ್ರಯೋಜನವೆಂದು ತಳ್ಳಿಹಾಕುವುದು ಕಠಿಣವಾದ ತೀರ್ಮಾನವಾಗುತ್ತದೆ. ಮನೆಯ ಜಗುಲಿಯ ಮೇಲೆ ಕುಳಿತು ನೆರೆಯವರ ಕೇಡನ್ನು ಬಯಸುತ್ತಿರುವವನೂ ಅನರ್ಥದಂಡಕ್ಕೆ ಪಾತ್ರನೇ ಅಲ್ಲವೇ? ಅಪಧ್ಯಾನವೆಂಬುದು ಅದೇ ಪಟ್ಟಿಯಲ್ಲಿದೆ. ಅದಕ್ಕೆ ಕಾಲು ಬೇಕಿಲ್ಲ.

ಅದೇ ದಾರಿಯಲ್ಲಿ ಕಂಡ ಹೂವನ್ನೆಲ್ಲ ಕಿತ್ತು ನಾಲ್ಕು ಹೆಜ್ಜೆಗಳ ಮುಂದೆ ಎಸೆಯುವುದು, ಪ್ರಪಾತದ ಅಂಚಿನಲ್ಲಿ ನಿಂತು ಬಂಡೆಗಳನ್ನು ಉರುಳಿಸಿ ಸದ್ದನ್ನು ಕೇಳಿ ನಗುವುದು, ಒಣಗಿದ ಹುಲ್ಲಿಗೆ ಕಡ್ಡಿ ಗೀರುವುದು ಇವು ಮಾತ್ರ ಅನರ್ಥದಂಡಗಳೇ. ಉರುಳುವ ಕಲ್ಲಿನ ಕೆಳಗೆ ಎಷ್ಟು ಜೀವಗಳಿದ್ದವೆಂದು ಉರುಳಿಸಿದವನಿಗೆ ತಿಳಿಯುವುದೇ ಇಲ್ಲ. ಆದಕಾರಣ ಬೆಟ್ಟಕ್ಕೆ ಹೋದದ್ದು ತಪ್ಪೋ ಸರಿಯೋ ಎಂಬುದಕ್ಕಿಂತ ಅಲ್ಲಿ ಕೈಕಾಲುಗಳು ಏನು ಮಾಡಿದವು ಎಂಬುದೇ ಮುಖ್ಯವಾದ ವಿಚಾರ.

ಕಿರಿಯರ ಮಾತನ್ನೂ ಪರೀಕ್ಷಿಸಬೇಕು. ಸಮ್ಮೇದಶಿಖರ 1,365 ಮೀಟರು ಎತ್ತರದ ಬೆಟ್ಟ. ಇಪ್ಪತ್ತು ಮಂದಿ ತೀರ್ಥಂಕರರು ಮುಕ್ತಿ ಪಡೆದ ಕ್ಷೇತ್ರ. ಹತ್ತಿ, ಟೋಂಕುಗಳ ವಂದನೆ ಮಾಡಿ, ಇಳಿಯುವಷ್ಟರಲ್ಲಿ 27 ಕಿಲೋಮೀಟರು ನಡೆದಂತಾಗುತ್ತದೆ. ಚಳಿಗಾಲದಲ್ಲಿ ಯಾತ್ರಿಕರು ಇನ್ನೂ ಕತ್ತಲಿರುವಾಗಲೇ ಹೊರಡುತ್ತಾರೆ. ಇಳಿಯುವವರೆಗೂ ಅನ್ನಪಾನಗಳನ್ನು ಮುಟ್ಟದವರು ಅನೇಕರು. ಮುಳ್ಳಯ್ಯನಗಿರಿಯಾದರೋ ಸುಮಾರು 1,930 ಮೀಟರು. ಕರ್ನಾಟಕದ ಅತ್ಯುನ್ನತ ಶಿಖರ. ಎತ್ತರ ಮತ್ತು ಚಳಿಗಳ ಲೆಕ್ಕದಲ್ಲಿ ಇದೇ ಮೇಲು. ಪ್ರತಿ ಸಾವಿರ ಮೀಟರು ಏರಿದಂತೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿಗಳಷ್ಟು ಇಳಿಯುತ್ತದೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಶಿಖರ್ಜಿಯನ್ನು ಹತ್ತುವವನು ಎತ್ತರವನ್ನು ಅರಸಿ ಹತ್ತುವುದಿಲ್ಲ. ಅಲ್ಲಿ ಬೆಟ್ಟ ಬಯಲಾಗಿದ್ದರೂ ಅವನು ಹೋಗುತ್ತಿದ್ದನು. ‘ಬೆಟ್ಟವೆಂದರೆ ಬೆಟ್ಟವೇ’ ಎಂಬ ಮಾತು ಕಾಲಿಗೆ ಒಪ್ಪುವ ಮಾತು, ಭಾವಕ್ಕೆ ಒಪ್ಪುವುದಿಲ್ಲ.

ಇಲ್ಲಿ ದಿಗ್ವ್ರತದ ಮಾತು ಬರುತ್ತದೆ. ದಿಕ್ಕುಗಳಿಗೆ ಎಲ್ಲೆ ಕಟ್ಟಿಕೊಂಡ ಶ್ರಾವಕನಿಗೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದೇ ಊರ್ಧ್ವವ್ಯತಿಕ್ರಮ, ಅಂದರೆ ಮೇಲ್ಮುಖವಾದ ಎಲ್ಲೆಯನ್ನು ಮೀರುವುದು. ಬೆಟ್ಟವನ್ನು ಏರುವವನಿಗೆ ಇದು ನೇರವಾಗಿ ಅನ್ವಯಿಸುವಂಥದು. ಹಿಂದಿನವರು ಸಮುದ್ರ, ನದಿ, ಕಾಡು, ಬೆಟ್ಟ ಮುಂತಾದ ಪ್ರಸಿದ್ಧ ಗುರುತುಗಳಿಂದ ಎಲ್ಲೆಯನ್ನು ನಿಶ್ಚಯಿಸಿಕೊಳ್ಳುತ್ತಿದ್ದರು. ಬೆಟ್ಟವೇ ಎಲ್ಲೆಯ ಕಲ್ಲಾಗಿತ್ತು. ಇಂದು ವಿಮಾನದಲ್ಲಿ ಮುಂಬಯಿಗೆ ಹೋಗಿ ಬರುವ ವ್ರತಿಗಳು ಊರ್ಧ್ವದಿಕ್ಕಿನ ಪರಿಮಾಣವನ್ನು ನೆನೆಯುತ್ತಾರೆಯೇ ಎಂಬುದು ಸಂದೇಹ. ನೆನಪಿಲ್ಲದಿರುವುದೂ ಸ್ಮೃತ್ಯಂತರಾಧಾನವೆಂಬ ಹೆಸರಿನಲ್ಲಿ ಆ ಐದರೊಳಗೇ ಎಣಿಕೆಯಾಗಿದೆ.

ಇನ್ನು ಚಳಿ. ಶೀತವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಹಸಿವು, ಬಾಯಾರಿಕೆಗಳ ಬಳಿಕ ಮೂರನೆಯದಾಗಿಯೇ ಅದು ಬರುತ್ತದೆ. ಮಾರ್ಗದಿಂದ ಜಾರದಿರುವುದಕ್ಕಾಗಿ, ಕರ್ಮನಿರ್ಜರೆಗಾಗಿ ಸಹಿಸತಕ್ಕವು ಪರೀಷಹಗಳು. ಪುಷ್ಯದ ರಾತ್ರಿಯಲ್ಲಿ ದಿಗಂಬರ ಮುನಿಯು ಹಾಸು ಹೊದಿಕೆಗಳಿಲ್ಲದೆ ಕಳೆಯುವ ಒಂದು ಜಾವವೆಲ್ಲಿ, ಸ್ವೆಟರು ಮಫ್ಲರುಗಳನ್ನು ಸುತ್ತಿಕೊಂಡು ಫ್ಲಾಸ್ಕಿನಲ್ಲಿ ಬಿಸಿ ಕಾಫಿಯನ್ನು ಹೊತ್ತು ನಡುಗುವ ಗೃಹಸ್ಥನ ಸಾಹಸವೆಲ್ಲಿ? ವಿನೋದಕ್ಕಾಗಿ ತಾನೇ ಹುಡುಕಿಕೊಂಡು ಹೋದ ಚಳಿಗೆ ತಪಸ್ಸಿನ ಹೆಸರನ್ನಿಡುವುದು ಸಲ್ಲದು. ದೇಹವು ಸ್ವಲ್ಪ ಗಟ್ಟಿಯಾದೀತು. ಅದು ದೇಹದ ಲಾಭ.

ಇಷ್ಟೂ ಸುಲಭದ ಪ್ರಶ್ನೆಗಳು. ಕಠಿಣವಾದದ್ದು ಸೂರ್ಯನು ಇಳಿಯತೊಡಗಿದಾಗ ಎದುರಾಗುತ್ತದೆ. ಅಜ್ಜಂಪುರದ ನಾಲ್ವರು ಗೆಳೆಯರು ಡಿಸೆಂಬರಿನ ಒಂದು ಭಾನುವಾರ ಹೊರಟರೆಂದು ಇಟ್ಟುಕೊಳ್ಳೋಣ. ಒಬ್ಬನು ರಾತ್ರಿಭೋಜನತ್ಯಾಗದ ವ್ರತವನ್ನು ಆಜೀವ ಪಡೆದ ಶ್ರಾವಕ. ಇನ್ನೊಬ್ಬ ಶ್ರಾವಕನ ನಿಯಮ ಚಾತುರ್ಮಾಸಕ್ಕೆ ಮಾತ್ರ ಇದ್ದು, ಅದು ಮುಗಿದಿದೆ. ಉಳಿದಿಬ್ಬರು ಬೇರೆ ಮತದ ನೆರೆಮನೆಯವರು. ವ್ರತಿಯ ತಾಯಿ ಶೋಧಿಸಿದ ಹಿಟ್ಟಿನಿಂದ ರೊಟ್ಟಿ ಮಾಡಿ ಕಟ್ಟಿಕೊಟ್ಟಿದ್ದಾಳೆ. ಶೀತಕಾಲವಾದುದರಿಂದ ಹಿಟ್ಟಿನ ಮರ್ಯಾದೆ ಏಳು ದಿನ, ಬೇಸಿಗೆಯಲ್ಲಾದರೆ ಐದು, ಮಳೆಗಾಲದಲ್ಲಿ ಮೂರೇ ದಿನ. ಗಾಳಿಸಿದ ನೀರಿಗೆ ಎರಡು ಘಳಿಗೆಯಷ್ಟೇ ಮರ್ಯಾದೆಯಿರುವುದರಿಂದ ಕುದಿಸಿದ ನೀರನ್ನೇ ತುಂಬಿಕೊಟ್ಟಿದ್ದಾಳೆ. ಅಡುಗೆಮನೆಯ ವಿವೇಕದಲ್ಲಿ ಒಂದು ಕೊರತೆಯೂ ಇಲ್ಲ. ಹೊರಡುವುದು ಮಾತ್ರ ತಡವಾಯಿತು. ಒಬ್ಬನು ಬರಲಿಲ್ಲವೆಂದು ಕಾದರು; ಕಲ್ಲತ್ತಿಗಿರಿಯಲ್ಲಿ ಹೊತ್ತು ಕಳೆದರು. ಆ ದಿನಗಳಲ್ಲಿ ಹಗಲು ಹನ್ನೊಂದೂಕಾಲು ಗಂಟೆಯಷ್ಟೇ. ಸಂಜೆ ಆರರ ಆಸುಪಾಸಿನಲ್ಲಿ ಸೂರ್ಯಾಸ್ತ. ಅಸ್ತಕ್ಕೆ ಎರಡು ಘಳಿಗೆ ಮುಂಚೆ ಭೋಜನ ಮುಗಿಯಬೇಕಾದರೆ ಐದೂಕಾಲಿಗೆ ಕೈ ತೊಳೆದಿರಬೇಕು. ನಾಲ್ಕೂವರೆಗೆ ಇವರು ಇನ್ನೂ ಕೋಡಿಯ ಮೇಲಿದ್ದಾರೆ, ಮಂಜು ಕವಿಯುತ್ತಿದೆ.

ವ್ರತಿಯು ಅವಸರಪಡುತ್ತಾನೆ. ‘ಬೇಗ ಇಳಿಯಿರಿ, ಕೆಳಗೆ ಹೋಗಿ ಊಟ ಮಾಡಬೇಕು’ ಎಂದು ಉಳಿದವರನ್ನು ಓಡಿಸುತ್ತಾನೆ. ತೇವದ ಬಂಡೆಯ ಮೇಲೆ ನೆರೆಮನೆಯವನೊಬ್ಬನ ಕಾಲು ಜಾರಿ ಪಾದ ಉಳುಕುತ್ತದೆ. ಇನ್ನು ಮೆಲ್ಲಗೆ, ಹೆಗಲು ಕೊಟ್ಟು ನಡೆಸಬೇಕು. ದಾರಿಯಲ್ಲೇ ಸೂರ್ಯನು ಮುಳುಗುತ್ತಾನೆ. ಗಾಳಿಯೇಳುತ್ತದೆ, ಬೆವರಿನಿಂದ ನೆನೆದ ಬಟ್ಟೆಯಲ್ಲಿ ಗಾಯಾಳು ಗಡಗಡನೆ ನಡುಗತೊಡಗುತ್ತಾನೆ. ನಡುಕವೆಂದರೆ ದೇಹವು ತನ್ನಲ್ಲಿರುವ ಆಹಾರವನ್ನು ಸುಟ್ಟು ಕಾವನ್ನು ಹುಟ್ಟಿಸಿಕೊಳ್ಳುವ ಉಪಾಯ. ಹಸಿದ ದೇಹದಲ್ಲಿ ಅದು ಬಹಳ ಹೊತ್ತು ನಡೆಯದು. ಚೀಲದಲ್ಲಿ ರೊಟ್ಟಿ ಮಿಕ್ಕಿದೆ. ಚೀಲವಿರುವುದು ವ್ರತಿಯ ಹೆಗಲಿನಲ್ಲಿ.

ಅವನು ಕೊಡಬಹುದೇ? ಹಿಂಸೆಯನ್ನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರರಲ್ಲಿಯೂ ಪಾಪವಿದೆಯೆಂದು ಕಲಿತವನಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ರಾತ್ರಿಯಲ್ಲಿ ಉಣ್ಣಿಸಿದ ದೋಷವು ತನಗೆ ಅಂಟೀತೆಂದು ಹೆದರುವ ವ್ರತಿಯನ್ನು ಹಾಸ್ಯ ಮಾಡಬಾರದು; ಅಂತಹ ಅಂಜಿಕೆಯಿಂದಲೇ ವ್ರತಗಳು ಇಷ್ಟು ಕಾಲ ಉಳಿದು ಬಂದಿವೆ. ಒಂದು ಪಕ್ಷ ಹೀಗೆನ್ನುತ್ತದೆ: ಚೀಲವನ್ನು ಕೆಳಗಿಟ್ಟು ದೂರ ಸರಿಯಲಿ, ಬೇಕಾದವರು ತೆಗೆದುಕೊಳ್ಳಲಿ, ತನ್ನ ಕೈಯಿಂದ ಕೊಡದಿದ್ದರೆ ಸಾಕು. ಮೇಲುನೋಟಕ್ಕೆ ಜಾಣತನವಾಗಿ ಕಾಣುವ ಈ ಉಪಾಯದಲ್ಲಿ ಒಂದು ಕೃತ್ರಿಮವಿದೆ. ಬೇಕೆಂದೇ ಕೆಳಗಿಟ್ಟ ಚೀಲವು ಕೊಟ್ಟ ಚೀಲವೇ. ಕೈಯನ್ನು ಹಿಂದಕ್ಕೆ ಸೆಳೆದುಕೊಂಡದ್ದರಿಂದ ನಡುಗುವವನಿಗೆ ಹೋದದ್ದು ಆದರ, ವ್ರತಿಗೆ ಬಂದದ್ದು ಏನೂ ಇಲ್ಲ.

ಶಾಸ್ತ್ರವೇ ಇಲ್ಲಿ ದಾರಿ ತೋರುತ್ತದೆ. ರಾತ್ರಿಭೋಜನವನ್ನು ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಗೆಯಲ್ಲಿಯೂ ಬಿಡುವುದು ಆರನೆಯ ಪ್ರತಿಮೆಯ ಶ್ರಾವಕನಿಗೆ ಎಂಬ ವ್ಯಾಖ್ಯಾನವಿದೆ. ಅದಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿರುವವನು ತಾನು ಉಣ್ಣುವುದನ್ನು ಬಿಟ್ಟಿರುತ್ತಾನೆ. ಪ್ರತಿಜ್ಞೆಯು ಎಷ್ಟೋ ಅಷ್ಟು. ತನಗಿಲ್ಲದ ಪ್ರತಿಜ್ಞೆಯ ಭಾರವನ್ನು ಗಾಯಗೊಂಡವನ ಹಸಿವಿನ ಮೇಲೆ ಹೇರುವ ಅಧಿಕಾರ ಅವನಿಗಿಲ್ಲ. ಆರನೆಯ ಪ್ರತಿಮಾಧಾರಿಯೇ ಅಲ್ಲಿದ್ದರೆ? ಆಗಲೂ ಗಮನಿಸತಕ್ಕದ್ದೊಂದಿದೆ. ಸಮಂತಭದ್ರರು ರಾತ್ರಿಭುಕ್ತಿವಿರತನನ್ನು ವರ್ಣಿಸುವಾಗ ಅನ್ನ, ಪಾನ, ಖಾದ್ಯ, ಲೇಹ್ಯಗಳನ್ನು ಬಿಟ್ಟವನೆಂದಷ್ಟೇ ಹೇಳಿ ನಿಲ್ಲಿಸದೆ, ಜೀವಿಗಳಲ್ಲಿ ಅನುಕಂಪವುಳ್ಳ ಮನಸ್ಸಿನವನೆಂದೂ ಹೇಳಿದ್ದಾರೆ. ಕತ್ತಲಲ್ಲಿ ಕಣ್ಣಿಗೆ ಕಾಣದ ಕ್ಷುದ್ರಜೀವಿಗಳ ಮೇಲಿನ ಆ ಕರುಣೆಯು ಎದುರಿಗೇ ಹಲ್ಲು ಕಡಿಯುತ್ತ ಕುಳಿತ ಪಂಚೇಂದ್ರಿಯ ಜೀವಿಯ ಬಳಿಗೆ ಬಂದಾಗ ಬತ್ತಿಹೋಗಬೇಕೆಂದು ಯಾವ ಆಚಾರ್ಯರೂ ಬಯಸಿರಲಾರರು. ಪ್ರತಿಮಾಧಾರಿಯು ಕೊಟ್ಟು, ಆ ಬಳಿಕ ಗುರುಗಳಲ್ಲಿ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ಬೇಡುವನು.

ವ್ರತಿಯು ತಾನೂ ತಿನ್ನಬಹುದೇ ಎಂದು ಕೇಳುವವರುಂಟು. ಅವನಿಗೆ ಹಸಿವಿದೆ, ಚಳಿಯಿದೆ, ಕಾಲು ಸರಿಯಾಗಿದೆ. ಅವನು ತಿನ್ನಬೇಕಿಲ್ಲ. ಮಧ್ಯಾಹ್ನದ ಊಟವಾಗಿದೆ, ಒಂದು ರಾತ್ರಿಯ ಹಸಿವಿಗೆ ನಿರೋಗಿಯಾದವನು ಬೆದರಬೇಕಿಲ್ಲ. ರೋಗಿಯಾದರೆ ವಿಚಾರ ಬೇರೆ. ಔಷಧ, ನೀರುಗಳನ್ನು ಬಿಟ್ಟು ನಿಯಮ ಪಡೆಯುವ ರೂಢಿ ಗೃಹಸ್ಥರಲ್ಲಿ ಇರುವುದೇ ಅದಕ್ಕಾಗಿ. ಎರಡನೆಯ ಶ್ರಾವಕನಾದರೋ ಮುಗಿದ ನಿಯಮದ ಸ್ವತಂತ್ರನು. ತನ್ನ ಪಾಲಿನ ರೊಟ್ಟಿಯನ್ನೂ ಗಾಯಾಳುವಿಗೇ ಕೊಟ್ಟು ಸುಮ್ಮನೆ ನಡೆದರೆ ಅವನಿಗೆ ಯಾವ ವ್ರತದ ಹೆಸರೂ ಇರುವುದಿಲ್ಲ, ಪುಣ್ಯದಲ್ಲಿ ಕೊರತೆಯೂ ಇರುವುದಿಲ್ಲ.

ಬೆಂಕಿಯನ್ನು ಹೊತ್ತಿಸೋಣವೆಂದು ಒಬ್ಬನು ಹೇಳುತ್ತಾನೆ. ಗಾಯಾಳುವಿಗೆ ಕಾವು ಕೊಡಲು ಹೊತ್ತಿಸಿದ ಬೆಂಕಿ ನಿಷ್ಪ್ರಯೋಜನವಲ್ಲವಾದುದರಿಂದ ಅದನ್ನು ಅನರ್ಥದಂಡವೆನ್ನಲಾಗದು. ಆದರೆ ಆ ಗಿರಿಗಳ ಹುಲ್ಲು ಚಳಿಗಾಲದ ಗಾಳಿಗೆ ಒಣಗಿ ನಿಂತಿರುತ್ತದೆ; ಒಂದು ಕಿಡಿಯಿಂದ ಇಡೀ ಮಗ್ಗುಲು ಉರಿದು ಹೋದೀತು. ಇರುವ ಎರಡು ಸ್ವೆಟರುಗಳನ್ನು ಬಿಚ್ಚಿ ಅವನಿಗೆ ಹೊದಿಸಿ, ಹೆಗಲು ಕೊಟ್ಟು ಇಳಿಯುವುದೇ ಮೇಲು. ವಿನೋದದ ಚಳಿಗೆ ಪರೀಷಹವೆಂಬ ಹೆಸರು ಸಲ್ಲದೆಂದು ಮೇಲೆ ಹೇಳಿತಷ್ಟೆ. ಸ್ವೆಟರನ್ನು ಬಿಚ್ಚಿ ಕೊಟ್ಟವನ ಚಳಿ ಆ ಜಾತಿಯದಲ್ಲ.

ನಡುರಾತ್ರಿಗೆ ಮನೆ ಮುಟ್ಟಿದ ವ್ರತಿಯು ನೀರನ್ನೂ ಕುಡಿಯದೆ ಮಲಗುತ್ತಾನೆ. ಮರುದಿನ ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆ ಪಾರಣೆ. ವ್ರತಕ್ಕೆ ಭಂಗ ಬರಲಿಲ್ಲವೆಂಬ ಸಮಾಧಾನ ಅವನಿಗಿದ್ದೀತು, ಲೆಕ್ಕಕ್ಕೆ ಅದು ಸರಿಯೇ. ಆದರೆ ಗೆಳೆಯನ ಕಾಲು ಉಳುಕಿದ್ದು ಹೇಗೆ? ಮಂಜಿನ ಬಂಡೆಯ ಮೇಲೆ ಇತರರನ್ನು ಓಡಿಸಿದ್ದು ಅವನ ಐದೂಕಾಲರ ಊಟ. ಅಜಾಗರೂಕತೆಯ ಯೋಗದಿಂದಾಗುವ ಪ್ರಾಣಪೀಡೆಯೇ ಹಿಂಸೆಯೆಂದು ಸೂತ್ರಕಾರರು ಹೇಳಿರುವಾಗ, ಆ ದಿನದ ಹಿಂಸೆಯು ರೊಟ್ಟಿಯನ್ನು ಕೊಟ್ಟ ಕೈಯಲ್ಲಿರಲಿಲ್ಲ. ಒಂದು ಹೊತ್ತಿನ ಊಟವನ್ನು ಬಿಡುತ್ತೇನೆಂದು ನಾಲ್ಕೂವರೆಗೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರೆ ಎಲ್ಲರೂ ಮೆಲ್ಲಗೆ ಇಳಿಯಬಹುದಾಗಿತ್ತು. ಅವನು ಬಸದಿಗೆ ಹೋಗಿ ತನಗೆ ವ್ರತ ಕೊಡಿಸಿದ ಹಿರಿಯರ ಮುಂದೆ ರೊಟ್ಟಿ ಕೊಟ್ಟ ದೋಷವನ್ನು ತೋಡಿಕೊಂಡರೆ, ಬಲ್ಲವರಾದ ಹಿರಿಯರು ಅದನ್ನು ಬದಿಗಿಟ್ಟು, ‘ಬೆಳಿಗ್ಗೆ ಹೊರಟದ್ದು ಎಷ್ಟು ಗಂಟೆಗೆ?’ ಎಂದು ಕೇಳುವರು.