ದೂರವಾಣಿಯಲ್ಲಿ ‘ನಾನು’

ಸೃಷ್ಟಿಯ ಆದಿಯಲ್ಲಿ ಏಕಾಕಿಯಾಗಿದ್ದ ಪುರುಷನು ಸುತ್ತಲೂ ನೋಡಿ, ತನ್ನ ಹೊರತು ಬೇರೊಬ್ಬರನ್ನು ಕಾಣದೆ, ಎಲ್ಲಕ್ಕೂ ಮೊದಲು ‘ನಾನು’ ಎಂದು ನುಡಿದನೆಂಬ ಪ್ರಸಂಗವು ಬೃಹದಾರಣ್ಯಕೋಪನಿಷತ್ತಿನ ಪ್ರಥಮಾಧ್ಯಾಯದಲ್ಲಿ ಬರುತ್ತದೆ. ಅದನ್ನು ಹೇಳಿದ ಋಷಿಯು ಪುರಾತನ ಕಾಲದ ಆ ಸಂಗತಿಗೆ ನಮ್ಮ ನಿತ್ಯವ್ಯವಹಾರದಿಂದಲೇ ಒಂದು ಸಾಕ್ಷ್ಯವನ್ನು ಕೊಡುತ್ತಾನೆ: ಯಾರೋ ಕರೆದಾಗ ನಾವು ಈಗಲೂ ಮೊದಲು ‘ನಾನು’ ಎನ್ನುತ್ತೇವೆ, ಹೆಸರು ಆಮೇಲೆ ಬರುತ್ತದೆ. ದೂರವಾಣಿಯೆಂಬುದನ್ನು ಕನಸಿನಲ್ಲಿಯೂ ಕಾಣದ ಕಾಲದ ಈ ಮಾತು ದೂರವಾಣಿಗೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪಲಾರದು. ಆ ಮೊದಲ ಮಾತಿಗೂ ಎರಡನೆಯ ಮಾತಿಗೂ ನಡುವೆ ಎಷ್ಟು ಅಗಲವಾದ ಕಂದರವಿದೆಯೆಂಬುದು ಸ್ವದೇಶದಲ್ಲಿ, ಸ್ವಜನರ ನಡುವೆ, ತಾಯ್ನುಡಿಯಲ್ಲಿ ಬದುಕುವವನಿಗೆ ಗೋಚರವಾಗುವುದಿಲ್ಲ; ಪರದೇಶದಲ್ಲಿ, ಪರಭಾಷೆಯಲ್ಲಿ, ಮುಖ ಕಾಣದ ಒಬ್ಬ ಅಪರಿಚಿತನ ಮುಂದೆ, ತನ್ನ ಹಣಕ್ಕೆ ತಾನೇ ಒಡೆಯನೆಂದು ರುಜುವಾತುಪಡಿಸಬೇಕಾಗಿ ಬಂದವನು ಮಾತ್ರ ಅದರ ಆಳವನ್ನು ಬಲ್ಲನು.

ಜಪಾನ್ ದೇಶದಲ್ಲಿ ನೆಲಸಿರುವ ವಿದೇಶೀಯರ ಸಂಖ್ಯೆ 2022ರ ಅಂತ್ಯಕ್ಕೆ 30 ಲಕ್ಷವನ್ನು ದಾಟಿತು. ಅವರಲ್ಲಿ ಬೆಂಗಳೂರಿನ ಕಡೆಯಿಂದ ತಂತ್ರಾಂಶದ ಕೆಲಸಕ್ಕಾಗಿ ಹೋದ ತರುಣರೂ ಇದ್ದಾರೆ. ಅಂಥ ಒಬ್ಬನ ಬ್ಯಾಂಕ್ ಕಾರ್ಡು ಸಂಜೆಯ ರೈಲಿನಲ್ಲಿ ಎಲ್ಲಿಯೋ ಬಿದ್ದುಹೋಯಿತೆನ್ನಿ. ಹಗಲಾಗಿದ್ದರೆ ಅವನು ಶಾಖೆಗೆ ಹೋಗಿ, ನಿವಾಸದ ಗುರುತಿನ ಚೀಟಿಯನ್ನೂ ಪಾಸ್‌ಬುಕ್ಕನ್ನೂ ತನ್ನ ಹೆಸರಿನ ಮುದ್ರೆಯನ್ನೂ ಮೇಜಿನ ಮೇಲಿಟ್ಟು, ಮಾತು ಸೋತ ಕಡೆ ಬೆರಳಿನಿಂದ ತೋರಿಸಿ, ಮುಖದ ದೈನ್ಯದಿಂದಲಾದರೂ ಕೆಲಸವನ್ನು ಸಾಧಿಸಿಕೊಳ್ಳಬಹುದಾಗಿತ್ತು. ರಾತ್ರಿಯಲ್ಲಿ ಉಳಿಯುವುದು ಧ್ವನಿಯೊಂದೇ. ಮೊದಲು ಯಂತ್ರದ ವಾಣಿ. ಅದು ಇಂಥ ಕಾರ್ಯಕ್ಕೆ ಇಂಥ ಅಂಕಿಯನ್ನು ಒತ್ತಿರೆಂದು, ಕೊನೆಯಲ್ಲಿ ‘ಕೊಮೆಜಿರುಶಿ’ಯನ್ನು ಒತ್ತಿರೆಂದು, ಅಂದರೆ ಅಕ್ಕಿಯೆಂಬ ಅರ್ಥದ ಚಿತ್ರಾಕ್ಷರವನ್ನು ಹೋಲುವ ನಕ್ಷತ್ರದ ಗುಂಡಿಯನ್ನು ಒತ್ತಿರೆಂದು, ತಡೆಯಿಲ್ಲದೆ ಹೇಳಿಕೊಂಡು ಹೋಗುತ್ತದೆ. ಅದನ್ನು ದಾಟಿದ ಮೇಲೆ ಮನುಷ್ಯವಾಣಿ. ಆದರೆ ಆ ವಾಣಿಯು ಬೀದಿಯ ಜಪಾನೀ ಭಾಷೆಯನ್ನಾಡುವುದಿಲ್ಲ. ಗ್ರಾಹಕನನ್ನು ಏರಿಸಿ ತನ್ನನ್ನು ತಗ್ಗಿಸಿಕೊಳ್ಳುವ, ಕ್ರಿಯಾಪದಗಳೇ ಬೇರೆಯಾಗಿಬಿಡುವ ‘ಕೇಗೊ’ ಎಂಬ ಗೌರವಭಾಷೆಯಲ್ಲಿ ಅದು ನುಡಿಯುತ್ತದೆ. ಎರಡು ವರ್ಷ ಶ್ರಮಪಟ್ಟು ಅಂಗಡಿಯ ಮಾತು, ಕಚೇರಿಯ ಮಾತು ಕಲಿತವನಿಗೂ ಅದು ಹೊಸ ಭಾಷೆಯೇ. ಅತಿಶಯವಾದ ವಿನಯವೇ ಅಲ್ಲಿ ಎತ್ತರವಾದ ಗೋಡೆಯಾಗಿ ನಿಲ್ಲುತ್ತದೆ.

ಹೆಸರನ್ನು ಕೇಳುತ್ತಾರೆ. ‘ವೆಂಕಟೇಶ’ನೆಂದು ತಂದೆತಾಯಿಗಳು ಕರೆದ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಜಪಾನೀ ವರ್ಣಮಾಲೆಯ ಮೂಸೆಗೆ ಬಿದ್ದು ‘ಬೆಂಕತೇಶು’ ಎಂದಾಗಿರುತ್ತದೆ. ಆ ಲಿಪಿಯಲ್ಲಿ ರಕಾರ ಲಕಾರ ಳಕಾರಗಳಿಗೆ ಭೇದವಿಲ್ಲ, ಪದದ ಕೊನೆಯಲ್ಲಿ ಅನುನಾಸಿಕವೊಂದನ್ನು ಬಿಟ್ಟರೆ ಬರಿಯ ವ್ಯಂಜನ ನಿಲ್ಲುವುದಿಲ್ಲ. ತನ್ನ ಹೆಸರನ್ನು ತಾನು ಸರಿಯಾಗಿ ಉಚ್ಚರಿಸಿದರೆ ದಾಖಲೆಗೆ ಹೊಂದುವುದಿಲ್ಲ. ಹೊಂದಬೇಕಾದರೆ ತಪ್ಪಾಗಿ ಉಚ್ಚರಿಸಬೇಕು. ಹುಟ್ಟಿದ ದಿನವನ್ನು ಕೇಳುತ್ತಾರೆ. ಅವನು ಹುಟ್ಟಿದ 1995 ಅಲ್ಲಿನ ಚಕ್ರವರ್ತಿಯ ಆಳ್ವಿಕೆಯ ಗಣನೆಯಲ್ಲಿ ‘ಹೇಯ್‌ಸೇಯ್ 7’. ತಿಂಗಳ ನಾಲ್ಕನೆಯ ದಿನಕ್ಕೆ ‘ಯೊಕ್ಕ’ ಎಂದೂ ಎಂಟನೆಯ ದಿನಕ್ಕೆ ‘ಯೋಕ’ ಎಂದೂ ಹೇಳಬೇಕು. ದ್ವಿತ್ವಕ್ಕೂ ದೀರ್ಘಕ್ಕೂ ಹುಟ್ಟಿನಿಂದಲೇ ಪಳಗಿದ ಕನ್ನಡಿಗನ ಕಿವಿ ಇಲ್ಲಿ ಒಂದಿಷ್ಟು ಪುಣ್ಯವಂತ, ಆಂಗ್ಲೇಯನೋ ಸ್ಪೇನಿನವನೋ ಆದರೆ ನಾಲ್ಕು ದಿನಗಳ ಅಂತರದಲ್ಲಿ ತನ್ನ ಜನ್ಮದಿನವನ್ನೇ ಕಳೆದುಕೊಂಡಾನು. ಇಷ್ಟರಲ್ಲಿ ಪಕ್ಕದಲ್ಲಿ ಕುಳಿತ ಜಪಾನೀ ಸ್ನೇಹಿತನು ಕನಿಕರದಿಂದ ಯಂತ್ರವನ್ನು ತೆಗೆದುಕೊಂಡು ಮಾತನಾಡಹೊರಟರೆ, ಆ ಕಡೆಯಿಂದ ಬಹುವಿನಯದಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಖಾತೆದಾರರು ಸ್ವತಃ ಮಾತನಾಡಬೇಕು. ಸ್ವತಃ ಬಂದರೆ ಭಾಷೆಯಿಲ್ಲ, ಭಾಷೆ ಬಂದರೆ ಸ್ವತಃ ಅಲ್ಲ.

ಈ ನಿರ್ಬಂಧವನ್ನು ಕ್ರೌರ್ಯವೆಂದು ಕರೆಯುವುದು ಅನ್ಯಾಯವಾದೀತು. ಅಪರಾಧದಿಂದ ಬಂದ ಹಣದ ವರ್ಗಾವಣೆಯನ್ನು ತಡೆಯಲು 2007ರಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ಶಾಸನವು, ವ್ಯವಹರಿಸುವವನು ಅವನೇ ಹೌದೋ ಅಲ್ಲವೋ ಎಂಬುದನ್ನು ನಿಶ್ಚಯಿಸಿಕೊಳ್ಳುವುದನ್ನು ಬ್ಯಾಂಕುಗಳಿಗೆ ವಿಧಿಸುತ್ತದೆ. ಅದಕ್ಕೂ ಮುಂಚೆಯೇ ಆ ದೇಶವನ್ನು ಒಂದು ವಂಚನೆಯ ಪಿಡುಗು ಹಿಡಿದಿತ್ತು. ಅದು ಇಂದಿಗೂ ಬಿಟ್ಟಿಲ್ಲ. ವೃದ್ಧರಾದ ತಾಯಿಯೋ ತಂದೆಯೋ ಒಂಟಿಯಾಗಿರುವ ಮನೆಗೆ ದೂರವಾಣಿಯ ಕರೆ ಬರುತ್ತದೆ. ಕರೆದವನು ಹೆಸರನ್ನು ಹೇಳುವುದಿಲ್ಲ. ಆತುರದ ಧ್ವನಿಯಲ್ಲಿ ‘ಒರೆ, ಒರೆ’, ಎಂದರೆ ‘ನಾನು, ನಾನು’ ಎನ್ನುತ್ತಾನೆ. ಮಗನ ಹೆಸರನ್ನು ತಾಯಿಯೇ ತನ್ನ ಬಾಯಿಂದ ಆಡಿಬಿಡುತ್ತಾಳೆ. ಅಪಘಾತವಾಗಿದೆ, ಕೂಡಲೆ ಹಣ ಬೇಕು ಎಂದು ಅವನು ಅತ್ತಾಗ, ಒಂದು ಜನ್ಮದ ಉಳಿತಾಯವು ಯಾರದೋ ಖಾತೆಗೆ ಹರಿದುಹೋಗುತ್ತದೆ. ಈ ಮೋಸಕ್ಕೆ ಜನರು ‘ಒರೆ-ಒರೆ’ ಎಂದೇ ಹೆಸರಿಟ್ಟರು. ಅದು ನಾನಾ ರೂಪಗಳನ್ನು ತಾಳಿದುದರಿಂದ 2004ರಲ್ಲಿ ಪೊಲೀಸ್ ಇಲಾಖೆ ಅವನ್ನೆಲ್ಲ ಒಳಗೊಳ್ಳುವ ಬೇರೊಂದು ಹೆಸರನ್ನು ಬಳಕೆಗೆ ತರಬೇಕಾಯಿತು. ಉಪನಿಷತ್ತು ಯಾವ ಮಾತನ್ನು ಸಮಸ್ತ ನಾಮಗಳಿಗಿಂತ ಹಿಂದಿನದೆಂದು ಹೇಳಿತೋ, ಯಾವುದು ಜೀವಿಯ ಅತ್ಯಂತ ಪ್ರಾಮಾಣಿಕವಾದ ಮೊದಲ ಸ್ಪಂದನವೋ, ಅದೇ ಇಲ್ಲಿ ಕಳ್ಳನ ಆಯುಧ. ಆ ಕಳ್ಳನ ಉಚ್ಚಾರಣೆ ನಿರ್ದುಷ್ಟ, ವ್ಯಾಕರಣ ಶುದ್ಧ, ಮಾತು ನಿರರ್ಗಳ. ಅದೇ ಊರಿನಲ್ಲಿ, ತನ್ನದೇ ದುಡಿಮೆಯ ಹಣಕ್ಕಾಗಿ ತೊದಲುವವನ ‘ನಾನು’ ಮಾತ್ರ ಸಂಶಯಕ್ಕೆ ಪಾತ್ರವಾಗುತ್ತದೆ. ಸತ್ಯಕ್ಕೂ ವಾಕ್ಪಾಟವಕ್ಕೂ ನಿಯತವಾದ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನವನ್ನು ನಾನು ಕಾಣೆ.

ಹಾಗಾದರೆ ಅವನೇ ಇವನೆಂದು ತಿಳಿಯುವುದು ಹೇಗೆ? ವೇದಾಂತಿಗಳು ಇದಕ್ಕೆ ದೇವದತ್ತನ ದೃಷ್ಟಾಂತವನ್ನು ಕೊಡುತ್ತಾರೆ. ಅಂದು ಆ ಊರಿನಲ್ಲಿ ಕಂಡ ದೇವದತ್ತನನ್ನು ಇಂದು ಈ ಊರಿನಲ್ಲಿ ಕಂಡಾಗ, ಅಂದು ಇಂದು, ಅಲ್ಲಿ ಇಲ್ಲಿ ಎಂಬ ವಿರುದ್ಧಾಂಶಗಳನ್ನು ಬಿಟ್ಟು, ಎರಡರಲ್ಲಿಯೂ ಸಮಾನವಾಗಿರುವ ವ್ಯಕ್ತಿಯನ್ನು ಮಾತ್ರ ಹಿಡಿಯುತ್ತೇವೆ, ಇದು ಪ್ರತ್ಯಭಿಜ್ಞೆ. ಬ್ಯಾಂಕಿನ ಗುಮಾಸ್ತನು ಮಾಡುವುದು ಇದರ ವಿಪರ್ಯಯವನ್ನು. ಅವನಿಗೆ ವ್ಯಕ್ತಿಯ ಗೊಡವೆಯಿಲ್ಲ. ಜನ್ಮದಿನ, ವಿಳಾಸ, ದಾಖಲಾದ ದೂರವಾಣಿಯ ಸಂಖ್ಯೆ, ಇವೇ ಮುಂತಾದ ಉಪಾಧಿಗಳೆಲ್ಲವೂ ಹೊಂದಿದರೆ ಅವನು ಅವನೇ, ಒಂದು ತಪ್ಪಿದರೂ ಅಲ್ಲ. ಅವನನ್ನು ನಾನು ದೂಷಿಸಲಾರೆ. ಮುಖವನ್ನು ಕಾಣದವನಿಗೆ ಉಪಾಧಿಗಳ ಹೊರತು ಬೇರೆ ಗತಿಯಿಲ್ಲ. ಆದರೆ ಈ ಉಪಾಧಿಗಳ ಸಾಲಿನಲ್ಲಿ ಯಾರೂ ಬರೆದಿಡದ ಮತ್ತೊಂದು ಸದ್ದಿಲ್ಲದೆ ಸೇರಿಕೊಂಡಿದೆ, ಅದು ಭಾಷೆ. ಖಾತೆ ತೆರೆದ ದಿನ ಭಾಷಾಜ್ಞಾನವನ್ನು ಆತ್ಮದ ಲಕ್ಷಣವೆಂದು ಯಾರೂ ಹೇಳಿರಲಿಲ್ಲ. ಸಂಕಟದ ರಾತ್ರಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದ ಲಕ್ಷಣವಾಗಿ ಎದುರು ನಿಲ್ಲುತ್ತದೆ.

ನ್ಯಾಯಸೂತ್ರಗಳಿಗೆ ಭಾಷ್ಯವನ್ನು ರಚಿಸಿದ ವಾತ್ಸ್ಯಾಯನನು ಇಲ್ಲಿ ನೆನಪಿಗೆ ಬರುತ್ತಾನೆ. ಯಾರ ಮಾತನ್ನು ಪ್ರಮಾಣವೆಂದು ಸ್ವೀಕರಿಸಬೇಕು ಎಂಬ ಪ್ರಶ್ನೆಗೆ, ವಿಷಯವನ್ನು ಸಾಕ್ಷಾತ್ತಾಗಿ ಬಲ್ಲವನಾಗಿ, ತಾನು ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನೇ ಆಪ್ತನೆಂದು ಉತ್ತರಿಸಿ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಆತನು ಸ್ಪಷ್ಟಪಡಿಸುತ್ತಾನೆ. ನಮ್ಮ ಭಾಷೆಯನ್ನು ಸರಿಯಾಗಿ ಆಡಲಾರದವನೆಂಬುದೇ ಮ್ಲೇಚ್ಛಶಬ್ದದ ಹಳೆಯ ಅರ್ಥವಾದುದರಿಂದ, ಆ ವಾಕ್ಯದ ಔದಾರ್ಯವನ್ನು ನಾವು ಚೆನ್ನಾಗಿ ಮನಗಾಣಬೇಕು. ಕಾರ್ಡನ್ನು ಕಳೆದುಕೊಂಡವನು ಕಳೆದುಕೊಂಡ ಸಂಗತಿಯನ್ನು ಸಾಕ್ಷಾತ್ತಾಗಿ ಬಲ್ಲನು. ಇದ್ದುದನ್ನು ಇದ್ದಂತೆ ತಿಳಿಸುವ ಇಚ್ಛೆಯೂ ಅವನಿಗೆ ಬೇಕಾದಷ್ಟಿದೆ. ಆಪ್ತತ್ವಕ್ಕೆ ಅವನಲ್ಲಿ ಕೊರತೆಯಿಲ್ಲ. ಮನಸ್ಸಿನೊಳಗಿನ ಮಾತಾದ ಮಧ್ಯಮಾವಾಕ್ಕಿನವರೆಗೆ ಪೂರ್ಣವಾಗಿ ಬಂದ ಅರ್ಥವು ಬಾಯಿಂದ ಹೊರಡುವ ಮಾತಾದ ವೈಖರಿಯಲ್ಲಿ ಮುರಿದಿದೆ, ಅಷ್ಟೆ.

ಮುರಿದುದನ್ನು ಕೂಡಿಸುವ ಹೊಣೆ ಯಾರದು? ಇದೇ ನನಗೆ ಧರ್ಮಪ್ರಶ್ನೆಯಾಗಿ ತೋರುವುದು. ಪರದೇಶಕ್ಕೆ ಹೋದವನು ಅಲ್ಲಿನ ಭಾಷೆಯನ್ನು ಕಲಿಯಬೇಕೆಂಬ ಲೋಕದ ಮಾತು ಯುಕ್ತವಾದದ್ದೇ. ಹೋದವನಿಗೆ ಅದು ಕರ್ತವ್ಯವೂ ಹೌದು, ಕಲಿತಷ್ಟೂ ಅವನಿಗೇ ಲಾಭ. ಆದರೆ ಆ ಮಾತು ಉತ್ತರಿಸುವವನ ಕರ್ತವ್ಯವನ್ನು ತೀರಿಸುವುದಿಲ್ಲ. ಜನಕ ಯಾಜ್ಞವಲ್ಕ್ಯರ ಸಂವಾದದಲ್ಲಿ, ಮನುಷ್ಯನು ಯಾವ ಬೆಳಕಿನ ಆಶ್ರಯದಿಂದ ನಡೆದಾಡುತ್ತಾನೆಂದು ವಿದೇಹದ ದೊರೆ ಬಿಡದೆ ಕೇಳುತ್ತಾ, ಸೂರ್ಯ ಚಂದ್ರ ಅಗ್ನಿಗಳು ಒಂದೊಂದಾಗಿ ಮರೆಯಾದ ಮೇಲೆ ಏನು ಗತಿಯೆಂದಾಗ, ಋಷಿಯು ವಾಕ್ಕೇ ಬೆಳಕೆನ್ನುತ್ತಾನೆ: ತನ್ನ ಕೈ ತನಗೆ ಕಾಣದ ಕತ್ತಲೆಯಲ್ಲಿಯೂ, ಎಲ್ಲಿ ಧ್ವನಿ ಕೇಳಿಸುವುದೋ ಅತ್ತ ಮನುಷ್ಯನು ಹೋಗಬಲ್ಲನು. ಈ ಭಾಗವನ್ನು ಓದುವಾಗಲೆಲ್ಲ ನನಗೆ ತೋರುವ ಒಂದು ವಿಷಯವುಂಟು. ಅಲ್ಲಿ ಬೆಳಕಾಗುವ ವಾಕ್ಕು ಕತ್ತಲೆಯಲ್ಲಿ ತಡಕಾಡುವವನದಲ್ಲ. ಆಚೆ ನಿಂತು ಕರೆಯುವವನದು. ಕತ್ತಲೆಯಲ್ಲಿರುವವನು ನಡೆಯಬಲ್ಲನೆ ಹೊರತು ತನಗೆ ತಾನೇ ದಾರಿ ತೋರಲಾರನು. ಉತ್ತರಿಸುವ ಆಸನದಲ್ಲಿ ಕುಳಿತವನು ಆ ಕ್ಷಣದಲ್ಲಿ ಸೂರ್ಯಚಂದ್ರರ ಸ್ಥಾನದಲ್ಲಿ ಕುಳಿತಿದ್ದಾನೆ. ತನ್ನ ಮಾತು ಆಚೆಯವನಿಗೆ ತಲಪಿತೋ ಇಲ್ಲವೋ ಎಂಬುದನ್ನು ನೋಡಿಕೊಳ್ಳುವುದು ಆ ಸ್ಥಾನದ ಧರ್ಮ.

ಕೇಳುವವನು ತನ್ನ ಕಿವಿಯನ್ನು ತಿದ್ದಿಕೊಳ್ಳದಿದ್ದರೆ ಏನಾಗುವುದೆಂಬುದನ್ನು ಏಳನೆಯ ಶತಮಾನದ ಕುಮಾರಿಲಭಟ್ಟನು ತಂತ್ರವಾರ್ತಿಕದಲ್ಲಿ ತೋರಿಸಿದ್ದಾನೆ, ಅದೂ ನಮ್ಮ ದಕ್ಷಿಣದ ಭಾಷೆಗಳಿಂದಲೇ. ವ್ಯಂಜನಾಂತವಾದ ದ್ರಾವಿಡಶಬ್ದಗಳಿಗೆ ಸಂಸ್ಕೃತದ ಪಂಡಿತರು ಸ್ವರವನ್ನೂ ಪ್ರತ್ಯಯವನ್ನೂ ಅಂಟಿಸಿ ತಮಗೆ ತಿಳಿದ ಅರ್ಥವನ್ನು ಹೊಂದಿಸುತ್ತಾರೆ; ಅನ್ನಕ್ಕೆ ದ್ರಾವಿಡರು ‘ಚೋರ್’ ಎಂದರೆ ಈ ಪಂಡಿತರಿಗೆ ಕಳ್ಳನು ಕಾಣುತ್ತಾನೆ, ಹೊಟ್ಟೆಯ ಹೆಸರಿನಲ್ಲಿ ವೈರಿ ಕಾಣುತ್ತಾನೆ. ಅನ್ನವನ್ನು ಬೇಡಿದವನನ್ನು ಕಳ್ಳನೆಂದು ತಿಳಿಯುವ ಅನರ್ಥ ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯದು. ವೇದದಲ್ಲಿಯೇ ಬಂದಿರುವ ‘ಪಿಕ’ ಮೊದಲಾದ ಕೆಲವು ಶಬ್ದಗಳಿಗೆ ಆರ್ಯರಲ್ಲಿ ಬಳಕೆ ತಪ್ಪಿ ಮ್ಲೇಚ್ಛರಲ್ಲಿ ಉಳಿದಿದ್ದರೆ, ಧಾತುಪ್ರತ್ಯಯಗಳಿಂದ ಅರ್ಥವನ್ನು ಕಲ್ಪಿಸಿಕೊಳ್ಳದೆ, ಬಳಸುವ ಮ್ಲೇಚ್ಛರನ್ನೇ ಕೇಳಿ ತಿಳಿಯಬೇಕೆಂಬುದು ಮೀಮಾಂಸಕರ ಸಿದ್ಧಾಂತ. ಯಜ್ಞಶಾಲೆಯಂಥ ಕಟ್ಟುನಿಟ್ಟಿನ ಸ್ಥಳವೇ ಇಷ್ಟು ಇಳಿದುಬರಬಹುದಾದರೆ, ಬ್ಯಾಂಕು ಇಳಿದುಬರಲಾರದೆ?

ಜಪಾನೀಯರು ಇಳಿದುಬಂದುದೂ ಉಂಟು. 1995ರ ಜನವರಿ 17ರಂದು ಕೋಬೆ ನಗರವನ್ನು ಭೂಕಂಪವು ಕೆಡವಿದಾಗ, ಎಲ್ಲಿ ನೀರು, ಎಲ್ಲಿ ಆಶ್ರಯ ಎಂಬ ಪ್ರಕಟಣೆಗಳು ವಿದೇಶೀಯರಲ್ಲಿ ಅನೇಕರಿಗೆ ತಿಳಿಯದೆಹೋದುವು; ಇಂಗ್ಲಿಷಿನಲ್ಲಿ ಹೇಳಿದರೂ ತಿಳಿಯದವರೇ ಬಹುಮಂದಿ. ಆ ದುಃಖದಿಂದ ಹುಟ್ಟಿದ್ದು ‘ಯಸಶೀ ನಿಹೊಂಗೊ’, ಸುಲಭ ಜಪಾನೀ. ನಮ್ಮ ತತ್ಸಮಗಳಂತಿರುವ ಚೀನೀಮೂಲದ ಸಮಾಸಪದಗಳನ್ನು ಬಿಟ್ಟು ಮನೆಮಾತಿನ ಪದಗಳನ್ನು ಹಿಡಿಯುವುದು, ಒಂದು ವಾಕ್ಯದಲ್ಲಿ ಒಂದೇ ವಿಷಯವನ್ನು ಹೇಳುವುದು, ಜಟಿಲವಾದ ಗೌರವರೂಪಗಳನ್ನು ತೊರೆಯುವುದು ಅದರ ರೀತಿ. 2020ರಲ್ಲಿ ಅಲ್ಲಿನ ಸರಕಾರವೇ ಅದಕ್ಕೆ ಮಾರ್ಗದರ್ಶಿಯನ್ನು ಹೊರಡಿಸಿತು. ಗೌರವದ ಭಾಷೆಯನ್ನು ಬಿಡುವುದೇ ಗೌರವವಾಗುವ ಸಂದರ್ಭವೊಂದುಂಟೆಂದು, ವಿನಯಕ್ಕೆ ಹೆಸರಾದ ಜನಾಂಗವು ಭೂಕಂಪದ ಅವಶೇಷಗಳ ನಡುವೆ ಕಂಡುಕೊಂಡದ್ದು ನನಗೆ ಪರಮಪೂಜ್ಯವಾದ ಸಂಗತಿ. ಬ್ಯಾಂಕುಗಳಲ್ಲಿಯೂ ಕೆಲವು ಇತರ ಭಾಷೆಗಳಲ್ಲಿ ಉತ್ತರಿಸುವ ಏರ್ಪಾಟನ್ನು ಮಾಡಿವೆ. ಅಂಥ ಏರ್ಪಾಟಿಲ್ಲದ ಕಡೆ ಗುಮಾಸ್ತನೊಬ್ಬನು ವಾಕ್ಯವನ್ನು ಚಿಕ್ಕದು ಮಾಡಿ, ನಿಧಾನವಾಗಿ ಎರಡನೆಯ ಸಲ ಹೇಳಿದರೂ ಅರ್ಧ ಕತ್ತಲೆ ಹರಿಯುತ್ತದೆ.

ನಮ್ಮ ನಾಡಿನ ಮಾತನ್ನೂ ಆಡದಿರಲಾಗದು. ಪರದೇಶದ ಬ್ಯಾಂಕುಗಳ ಗ್ರಾಹಕರಿಗೆ ಉತ್ತರಿಸಲು ಬೆಂಗಳೂರಿನ ತರುಣ ತರುಣಿಯರು ರಾತ್ರಿಯೆಲ್ಲ ಎಚ್ಚರವಿದ್ದು, ಅವರ ಉಚ್ಚಾರಣೆಯನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಕರೆಯುವವರು ನಾವಾದಾಗಲೂ ಕಲಿಯುವವರು ನಾವೇ, ಉತ್ತರಿಸುವವರು ನಾವಾದಾಗಲೂ ಕಲಿಯುವವರು ನಾವೇ. ಹೊರೆಯು ಬೆಳಕಿರುವವನ ಮೇಲೆ ಬೀಳದೆ ಬಡವನ ಮೇಲೆ ಬಿದ್ದಿದೆಯೆಂಬುದನ್ನು ಇದು ತೋರಿಸುತ್ತದೆ. ಇನ್ನು ಕನ್ನಡವರಿಯದ ಅಧಿಕಾರಿಯೆದುರು ಸ್ವಂತ ಹೋಬಳಿಯ ಶಾಖೆಯಲ್ಲಿಯೇ ಕೈಕಟ್ಟಿ ನಿಲ್ಲುವ ರೈತನು, ಹುಟ್ಟಿದ ಊರನ್ನು ಬಿಡದೆಯೇ ವಿದೇಶೀಯನಾದವನು. ಟೋಕಿಯೋದ ಬ್ಯಾಂಕಿನಿಂದ ನಾವು ಯಾವ ಧರ್ಮವನ್ನು ಅಪೇಕ್ಷಿಸುತ್ತೇವೆಯೋ ಅದನ್ನು ಆ ರೈತನಿಗೆ ಮೊದಲು ಸಲ್ಲಿಸತಕ್ಕದ್ದು.

ದುಭಾಷಿಯನ್ನು ನಡುವೆ ತಂದರೆ ಗುಟ್ಟು ಮೂರನೆಯವರ ಕಿವಿಗೆ ಬೀಳುವುದಲ್ಲವೆ, ಸ್ವತಃ ಎಂಬ ನಿಯಮ ಕೆಡುವುದಲ್ಲವೆ ಎಂಬ ಆಕ್ಷೇಪವು ಹಗುರವಾದುದಲ್ಲ. ಇದಕ್ಕೆ ಆಸ್ಟ್ರೇಲಿಯಾ ದೇಶದಲ್ಲಿ ಒಂದು ಸಮಾಧಾನ ದೊರೆಯುತ್ತದೆ. 1973ರಲ್ಲಿ ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ಆಪತ್ತಿನ ಸಮಯಕ್ಕೆಂದು ಸರಕಾರವು ಆರಂಭಿಸಿದ ದೂರವಾಣಿ ದುಭಾಷಿ ಸೇವೆಯು ಇಂದು ಹಗಲಿರುಳೂ 150ಕ್ಕೂ ಹೆಚ್ಚು ಭಾಷೆಗಳಲ್ಲಿ ನಡೆಯುತ್ತಿದೆ. ಕರೆದವನು ತನ್ನ ಭಾಷೆಯ ಹೆಸರನ್ನು ಹೇಳಿದರೆ ಸಾಕು. ದುಭಾಷಿಯು ತಂತಿಯಲ್ಲಿ ಸೇರಿಕೊಳ್ಳುತ್ತಾನೆ. ಕೇಳಿದುದನ್ನು ಹೊರಗೆಡಹದಿರುವ, ಯಾವ ಪಕ್ಷವನ್ನೂ ವಹಿಸದಿರುವ ವ್ರತಕ್ಕೆ ಅವನು ಬದ್ಧನು. ಅವನ ವೃತ್ತಿಯ ಶಿಸ್ತಿನಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದ ವಿಧಿಯೊಂದಿದೆ. ‘ಇವರ ಕಾರ್ಡು ಕಳೆದಿದೆಯಂತೆ’ ಎಂದು ಅವನು ಹೇಳಕೂಡದು. ‘ನನ್ನ ಕಾರ್ಡು ಕಳೆದಿದೆ’ ಎಂದೇ ಹೇಳಬೇಕು. ಉತ್ತಮಪುರುಷದಲ್ಲಿ ಮಾತನಾಡುತ್ತಾ, ಆ ‘ನಾನು’ವಿನಲ್ಲಿ ತನ್ನದೇನನ್ನೂ ಬೆರಸದೆ, ಅದು ಯಾರದೋ ಅವರಿಗೇ ಪೂರ್ತಿಯಾಗಿ ಸಲ್ಲುವಂತೆ ಮಾಡುವುದು ಅವನ ನಿತ್ಯದ ಕೆಲಸ. ಕಾರ್ಡನ್ನು ಕಳೆದುಕೊಂಡವನು ತನ್ನ ಭಾಷೆಯಲ್ಲಿ, ತನ್ನ ಹೆಸರನ್ನು ತಂದೆತಾಯಿಗಳು ಕರೆದಂತೆಯೇ ಉಚ್ಚರಿಸಿ ಉತ್ತರ ಕೊಡುತ್ತಾನೆ. ಗುಮಾಸ್ತನಿಗೆ ಅದು ಅವನ ಭಾಷೆಯಲ್ಲಿ ಕೇಳಿಸುತ್ತದೆ. ಜನ್ಮದಿನ, ವಿಳಾಸಗಳು ಪುಸ್ತಕಕ್ಕೆ ಹೊಂದುತ್ತವೆ. ಸ್ವತಃ ಎಂಬ ನಿಯಮವೂ ಕೆಡುವುದಿಲ್ಲ.