ಸಲಹಾಶುಲ್ಕವೂ ಅನುಮೋದನೆಯ ಹೊಣೆಯೂ

ಜಪಮಾಲೆಯಲ್ಲಿ ನೂರೆಂಟು ಮಣಿಗಳೇಕೆ ಎಂಬ ಪ್ರಶ್ನೆಗೆ ಜೈನ ಪರಂಪರೆಯು ಕೊಡುವ ಒಂದು ಉತ್ತರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಸಂರಂಭ, ಸಮಾರಂಭ, ಆರಂಭವೆಂದು ಕಾರ್ಯದ ಹಂತಗಳು ಮೂರು. ಮನ, ವಚನ, ಕಾಯವೆಂದು ಯೋಗಗಳು ಮೂರು. ಕೃತ, ಕಾರಿತ, ಅನುಮತವೆಂದು ಕರ್ತೃತ್ವದ ಬಗೆಗಳು ಮೂರು. ಕ್ರೋಧ, ಮಾನ, ಮಾಯೆ, ಲೋಭವೆಂದು ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ಕರ್ಮಾಸ್ರವದ ನೂರೆಂಟು ದಾರಿಗಳಾಗುತ್ತವೆ. ಮಣಿ ಎಣಿಸುವ ಬೆರಳು ಈ ಲೆಕ್ಕವನ್ನು ದಿನವೂ ಮಾಡುತ್ತದೆ. ಅದೇ ಬೆರಳು ಪುರಸಭೆಯ ನಡವಳಿ ಪುಸ್ತಕದಲ್ಲಿ ಸಹಿ ಮಾಡುವಾಗ ಈ ಲೆಕ್ಕ ನೆನಪಿಗೆ ಬರುವುದು ಅಪರೂಪ.

ಇಲ್ಲಿ ಎರಡು ಶಬ್ದಗಳು ವಿಚಾರಾರ್ಹವಾಗಿವೆ. ಸಂರಂಭವೆಂದರೆ ಕಾರ್ಯವನ್ನು ಮಾಡಬೇಕೆಂಬ ಸಂಕಲ್ಪ. ಸಮಾರಂಭವೆಂದರೆ ಅದಕ್ಕೆ ಬೇಕಾದ ಸಾಧನಗಳ ಸಂಗ್ರಹ. ಇಂದಿನ ಕನ್ನಡದಲ್ಲಿ ಸಮಾರಂಭವೆಂದರೆ ಶಂಕುಸ್ಥಾಪನೆಯ ಹಾರತುರಾಯಿಗಳೇ ಕಣ್ಮುಂದೆ ಬರುತ್ತವೆ. ಸೂತ್ರಕಾರರ ಅರ್ಥ ಅದಲ್ಲ. ಕಲ್ಲು ಇಡುವ ಮುನ್ನ, ನಕ್ಷೆ ಬರೆಯುವ ಹಂತದಲ್ಲಿಯೇ ಕರ್ಮದ ಬಾಗಿಲು ತೆರೆದಿರುತ್ತದೆ. ಯೋಜನಾ ವರದಿ ಬರಿಯ ಕಾಗದ, ಪಾಪಪುಣ್ಯಗಳೇನಿದ್ದರೂ ಕಾಮಗಾರಿಗೆ ಸೇರಿದ್ದು ಎನ್ನುವ ವಾದಕ್ಕೆ ಶಾಸ್ತ್ರದಲ್ಲಿ ಆಶ್ರಯವಿಲ್ಲ.

ನಗರಯೋಜನೆಯ ಬೆಲೆ ಏನೆಂಬುದನ್ನು ಬಾಗಲಕೋಟೆಯಷ್ಟು ಬಲ್ಲ ಊರು ಕರ್ನಾಟಕದಲ್ಲಿ ವಿರಳ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಪೇಟೆಯನ್ನು ಆವರಿಸಿದಾಗ, ನವನಗರವು ಕಾಗದದ ಮೇಲೆ ಮೊದಲು ಹುಟ್ಟಿ ಆಮೇಲೆ ನೆಲಕ್ಕಿಳಿಯಬೇಕಾಯಿತು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಸಮ್ಮತಿಸಿತು. ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತಕ್ಕೆ ಮೊದಲು ಸುಮಾರು 17 ಸಾವಿರ ಕೋಟಿ ರೂಪಾಯಿಗಳ ಅಂದಾಜಿತ್ತು. 2017ರ ಹೊತ್ತಿಗೆ ಅದು 51 ಸಾವಿರ ಕೋಟಿಯನ್ನು ದಾಟಿತು. ಸಂಖ್ಯೆಯನ್ನು ನೋಡಿದೊಡನೆ ಮೋಸವೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಈ ಏರಿಕೆಯಲ್ಲಿ ದೊಡ್ಡ ಪಾಲು 2013ರ ಭೂಸ್ವಾಧೀನ ಕಾಯಿದೆಯಿಂದ ಹೆಚ್ಚಿದ ಪರಿಹಾರದ್ದು. ಹೊಲಮನೆ ಕಳೆದುಕೊಳ್ಳುವವನಿಗೆ ನ್ಯಾಯವಾದ ಬೆಲೆ ಕೊಡುವುದರಿಂದ ವೆಚ್ಚ ಏರಿದರೆ ಅದರಲ್ಲಿ ದೋಷವಿಲ್ಲ. ಹಿಂದಿನ ಅಂದಾಜೇ ಕಡಿಮೆಯಾಗಿತ್ತು ಎಂದು ಹೇಳುವುದು ಹೆಚ್ಚು ಸರಿ. ಆದುದರಿಂದ ಕೇಳಬೇಕಾದ ಪ್ರಶ್ನೆ ವೆಚ್ಚ ಏರಿತೇ ಎಂಬುದಲ್ಲ, ಏರಿದುದು ಯಾರ ಕೈಗೆ ಮತ್ತು ಯಾವ ಶ್ರಮಕ್ಕೆ ಎಂಬುದು.

ಸಲಹಾಶುಲ್ಕದ ಏರಿಕೆ ಬಹುಮಟ್ಟಿಗೆ ಬೇರೆ ಜಾತಿಯದು. ಶುಲ್ಕವನ್ನು ಕಾಮಗಾರಿಯ ವೆಚ್ಚದ ಶೇಕಡಾವಾರು ಗೊತ್ತುಮಾಡುವ ರೂಢಿಯನ್ನು ಗಮನಿಸಬೇಕು. ಹತ್ತು ಕೋಟಿಯ ಕೆಲಸಕ್ಕೆ ಶೇಕಡಾ 2ರಂತೆ ಶುಲ್ಕ 20 ಲಕ್ಷ. ಅದೇ ಕೆಲಸ ಹದಿನೈದು ಕೋಟಿಗೆ ಬೆಳೆದರೆ ಶುಲ್ಕ 30 ಲಕ್ಷ. ನಕ್ಷೆಯ ಒಂದು ಗೆರೆಯೂ ಹೆಚ್ಚಿರದಿದ್ದರೂ ಆದಾಯ ಒಂದೂವರೆ ಪಟ್ಟಾಯಿತು. ಮಿತವ್ಯಯದ ಸಲಹೆ ಕೊಡಬೇಕಾದವನಿಗೆ ಮಿತವ್ಯಯವೇ ನಷ್ಟವೆನ್ನುವ ಕರಾರು ಇದು. ತಿಂಗಳ ಲೆಕ್ಕದಲ್ಲಿ ತಜ್ಞರಿಗೆ ಸಂದಾಯವಾಗುವ ಒಪ್ಪಂದವಾದರೆ ವಿಳಂಬವೇ ಗಳಿಕೆ. ಕೆಲವೆಡೆ ಮೊದಲ ವರದಿಯನ್ನು ಪರಿಶೀಲಿಸಲು ಎರಡನೆಯ ಸಲಹೆಗಾರ ಬರುತ್ತಾನೆ. ಅವನ ವರದಿಯಿಂದ ಮೂರನೆಯದಕ್ಕೆ ಕಾರಣ ಹುಟ್ಟುತ್ತದೆ. ಇವರಲ್ಲಿ ಯಾರೂ ಕಳ್ಳರಾಗಿರಬೇಕಾಗಿಲ್ಲ. ಲೋಭಕ್ಕೆ ದಾರಿ ಮಾಡಿಕೊಟ್ಟುದು ಕರಾರಿನ ರಚನೆ. ಅದನ್ನು ರಚಿಸಿದವರು ಹಣ ಕೊಡುವವರೇ.

ಹಾಗೆಂದು ತಜ್ಞರೇ ಬೇಡವೆನ್ನಲಾಗದು. ಬಾದಾಮಿಯಂಥ ಊರಿನ ಯೋಜನೆ ಸಾಮಾನ್ಯವಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷಿದ್ಧ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಜೈನ ಗುಹೆಯೂ ಸೇರಿದ ಗುಹಾಲಯಗಳ ಬೆಟ್ಟದ ಬುಡದಲ್ಲಿಯೇ ಜನವಸತಿ. ಯಾರ ಮನೆಯ ಮಾಳಿಗೆ ಎಲ್ಲಿಯವರೆಗೆ ಏರಬಹುದು ಎಂಬುದನ್ನು ಬಲ್ಲವನಿಗೆ ತಕ್ಕ ಶುಲ್ಕ ಸಲ್ಲಬೇಕು. ಹುನಗುಂದ, ಇಳಕಲ್ಲಿನಂಥ ಊರುಗಳ ಸ್ಥಳೀಯ ಸಂಸ್ಥೆಗಳಿಗೆ ಇಂಥ ಎಲ್ಲ ಪರಿಣತಿಯನ್ನೂ ಸ್ವಂತವಾಗಿ ಇರಿಸಿಕೊಳ್ಳುವುದು ಕಷ್ಟ, ಹೊರಗಿನವರನ್ನು ಕರೆಯಲೇಬೇಕಾಗುತ್ತದೆ. ಆ ಶುಲ್ಕ ಕೊನೆಗೆ ಬರುವುದು ಇಳಕಲ್ಲಿನ ಮಗ್ಗದ ಮನೆಯವನು ಕಟ್ಟುವ ಕರದಿಂದ ಎಂಬುದನ್ನು ಮಾತ್ರ ಮರೆಯಬಾರದು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂಬ ಎರಡಿವೆ. ಮೊದಲನೆಯದು ಅಳತೆಯಲ್ಲಿ ಮಾಡುವ ವಂಚನೆ. ಎರಡನೆಯದು ಒಂದನ್ನು ಹೋಲುವ ಇನ್ನೊಂದನ್ನು ಅಸಲಿಯೆಂದು ಕೊಡುವುದು. ತಕ್ಕಡಿ, ತುಪ್ಪ, ಬಂಗಾರಗಳ ವ್ಯಾಪಾರಕ್ಕೆ ಹೇಳಿದ ಈ ಮಾತು ವರದಿಗಳ ವ್ಯಾಪಾರಕ್ಕೂ ಅನ್ವಯಿಸುತ್ತದೆ ಎನ್ನುವುದಕ್ಕೆ ರಾಜಧಾನಿಯಲ್ಲಿಯೇ ನಿದರ್ಶನ ದೊರೆಯಿತು. ಬೆಂಗಳೂರಿನ ಸುರಂಗ ರಸ್ತೆಗೆ ಒಂಬತ್ತು ಕೋಟಿಗೂ ಮಿಕ್ಕ ಶುಲ್ಕದಲ್ಲಿ ಸಿದ್ಧವಾದ ವಿಸ್ತೃತ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ನಾಸಿಕ, ಮಾಲೇಗಾಂವಗಳ ಪ್ರಸ್ತಾಪ ನುಸುಳಿರುವುದು 2024ರ ಕೊನೆಯಲ್ಲಿ ಬೆಳಕಿಗೆ ಬಂದಿತು. ಪಾಲಿಕೆಯು ಸಲಹೆಗಾರ ಸಂಸ್ಥೆಗೆ ದಂಡ ವಿಧಿಸಿತು. ದಂಡದ ಮೊತ್ತ ಎಷ್ಟೇ ಇರಲಿ, ಆ ವರದಿಯನ್ನು ಸ್ವೀಕರಿಸುವ ಮುನ್ನ ಅದನ್ನು ಓದಬೇಕಾದವರು ಓದಿದ್ದರೇ ಎಂಬ ಪ್ರಶ್ನೆ ಉಳಿಯುತ್ತದೆ.

ಇಲ್ಲಿಯೇ ವಿಷಯದ ಮರ್ಮವಿದೆ. ಕಚೇರಿಯ ಕನ್ನಡದಲ್ಲಿ ಪರಿಷ್ಕೃತ ಅಂದಾಜಿಗೆ ಕೊಡುವ ಒಪ್ಪಿಗೆಯ ಹೆಸರು ‘ಅನುಮೋದನೆ’. ಶಾಸ್ತ್ರವು ಕರ್ತೃತ್ವದ ಮೂರನೆಯ ಬಗೆಯನ್ನು ಹೇಳುವುದೂ ಇದೇ ಶಬ್ದದಿಂದ. ಸಭೆಯಲ್ಲಿ ಕೈಯೆತ್ತುವ ಸದಸ್ಯ ತಾನು ಮಾಡಲಿಲ್ಲ, ಮಾಡಿಸಲಿಲ್ಲ, ಒಪ್ಪಿದೆನಷ್ಟೆ ಎಂದುಕೊಳ್ಳುತ್ತಾನೆ. ಆ ‘ಅಷ್ಟೆ’ ಎಂಬುದಕ್ಕೆ ನೂರೆಂಟರಲ್ಲಿ ಮೂವತ್ತಾರು ಮಣಿಗಳಿವೆ.

ತಾಂತ್ರಿಕ ವಿಷಯ ತನಗೆ ತಿಳಿಯದು, ತಜ್ಞರು ಹೇಳಿದರು, ನಂಬಿದೆ ಎಂದು ಅವನು ಹೇಳಬಹುದು. ಈ ಸಮಾಧಾನವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ತೀವ್ರಭಾವ, ಮಂದಭಾವ, ಜ್ಞಾತಭಾವ, ಅಜ್ಞಾತಭಾವಗಳಿಂದ ಆಸ್ರವದಲ್ಲಿ ಭೇದವಾಗುತ್ತದೆಂದು ಸೂತ್ರಕಾರರೇ ಒಪ್ಪಿದ್ದಾರೆ. ಅರಿಯದೆ ಒಪ್ಪಿದವನೂ ಅರಿತು ಪಾಲು ಪಡೆದವನೂ ಸಮಾನರಲ್ಲ. ಆದರೆ ಭೇದವೆಂದರೆ ಅಭಾವವಲ್ಲ. ಸುರಂಗದ ಎಂಜಿನಿಯರಿಂಗ್ ತಿಳಿಯದಿದ್ದವನಿಗೂ ಮೊದಲ ಕರಾರಿನ ಮೊತ್ತವೆಷ್ಟು, ಇಂದಿನ ಮೊತ್ತವೆಷ್ಟು, ನಡುವೆ ಹೆಚ್ಚಿದ ಕೆಲಸ ಯಾವುದು ಎಂದು ಕೇಳಲು ಬರುತ್ತದೆ. ಕೇಳದೆ ಬಿಡುವುದು ಅಜ್ಞಾನವಲ್ಲ, ಪ್ರಮಾದ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆಂದು ಕರ್ನಾಟಕವು 1999ರಲ್ಲಿ ಕಾಯಿದೆ ಮಾಡಿದೆ. ಅದರ 4(ಜಿ) ಕಲಮಿನ ಮೂಲಕ ಟೆಂಡರಿನಿಂದ ವಿನಾಯಿತಿ ಕೊಡುವ ಅಧಿಕಾರವೂ ಸರ್ಕಾರಕ್ಕಿದೆ. ಬಾಗಿಲಿಗೆ ಅಗುಳಿ ಇದ್ದರೂ ಅದನ್ನು ತೆರೆಯುವ ಕೈ ಒಳಗಿನದೇ.

ಬಸದಿಗಳ ಟ್ರಸ್ಟುಗಳು ಇದನ್ನು ಪರರ ಕಥೆಯಾಗಿ ಓದುವಂತಿಲ್ಲ. ಜೀರ್ಣೋದ್ಧಾರಕ್ಕೆ, ಯಾತ್ರಿನಿವಾಸಕ್ಕೆ, ಶಿಖರದ ದುರಸ್ತಿಗೆ ವಾಸ್ತುಶಿಲ್ಪಿಗಳೊಡನೆ ಶೇಕಡಾವಾರು ಕರಾರು ಮಾಡಿಕೊಳ್ಳುವುದು ಅಲ್ಲಿಯೂ ಉಂಟು. ಅಲ್ಲಿ ಖರ್ಚಾಗುವುದು ಶ್ರಾವಕರು ಧರ್ಮಕಾರ್ಯವೆಂದು ಅರ್ಪಿಸಿದ ದ್ರವ್ಯ. ಅದರ ದುರುಪಯೋಗದ ಭಯ ಕರದ ಹಣದ್ದಕ್ಕಿಂತ ಹೆಚ್ಚಿರಬೇಕು. ಪರಿಗ್ರಹಪರಿಮಾಣವ್ರತದಲ್ಲಿ ಗೃಹಸ್ಥನು ತನ್ನ ಮಿತಿಯನ್ನು ಮೊದಲೇ ನುಡಿದಿಡುತ್ತಾನೆ. ಆಮೇಲೆ ಅದನ್ನು ಮೀರುವುದೇ ಪ್ರಮಾಣಾತಿಕ್ರಮವೆಂಬ ಅತಿಚಾರ. ಸಲಹೆಗಾರನ ಶುಲ್ಕವನ್ನು ಕೆಲಸ ತೊಡಗುವ ಮುನ್ನವೇ ನಿಶ್ಚಿತ ಮೊತ್ತವಾಗಿ ಬರೆದು, ಯಾವ ಕಾರಣಕ್ಕೆ ಎಷ್ಟು ಮೀರಬಹುದೆಂಬುದನ್ನೂ ಅದೇ ಪತ್ರದಲ್ಲಿ ಸೇರಿಸುವುದು ಈ ವ್ರತದ ಲೌಕಿಕ ರೂಪವೇ ಸರಿ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿಯ ಜಿನಾಲಯವನ್ನು ಶಕ ವರ್ಷ 556ರಲ್ಲಿ, ಅಂದರೆ ಕ್ರಿ.ಶ. 634ರ ಸುಮಾರಿಗೆ, ಮಾಡಿಸಿದ ರವಿಕೀರ್ತಿಯು ಅದನ್ನು ಮಾಡಿಸಿದವನು ತಾನೆಂದೂ ಪುಲಕೇಶಿಯ ಪ್ರಸಾದ ತನಗಿತ್ತೆಂದೂ ಗೋಡೆಯ ಮೇಲೆ ಕೊರೆಸಿದ್ದಾನೆ. ಜಿನಾಲಯದ ಭುಕ್ತಿಗೆ ಸೇರಿದ ಊರುಗಳ ಹೆಸರೂ ಅದರ ಕೆಳಗಿದೆ. ಕಾರಿತ ಯಾರದು, ಆಧಾರ ಎಲ್ಲಿಯದು ಎಂಬುದನ್ನು ಅಲ್ಲಿ ಕಡತ ತೆರೆಸಿ ಹುಡುಕಬೇಕಾಗಿಲ್ಲ. ಇಂದಿನ ಟ್ರಸ್ಟಿಗೆ ಅಷ್ಟು ಕಲ್ಲು ಬೇಡ. ಪರಿಷ್ಕೃತ ಅಂದಾಜು ಸಭೆಗೆ ಬಂದ ದಿನ ಮೊದಲ ಕರಾರನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಲಿ. ಒಪ್ಪಿದವರ ಹೆಸರನ್ನೂ ಒಪ್ಪದವರ ಹೆಸರನ್ನೂ, ಅವರು ಹೇಳಿದ ಕಾರಣದೊಂದಿಗೆ, ನಡವಳಿಯಲ್ಲಿ ಬರೆಯಿಸಲಿ. ಸುಮ್ಮನೆ ಕುಳಿತವರನ್ನು ಒಪ್ಪಿದವರ ಸಾಲಿನಲ್ಲಿಯೇ ಸೇರಿಸಬೇಕಾಗುತ್ತದೆ.