ದೀಪ ದೊಡ್ಡದು ಮಾಡುವುದು

ಧಾರವಾಡದ ನಮ್ಮ ಮನೆಯಲ್ಲಿ ಅಜ್ಜಿ 'ದೀಪ ಆರಿಸು' ಎಂದು ಯಾವತ್ತೂ ಹೇಳಿದವಳಲ್ಲ. 'ದೀಪ ದೊಡ್ಡದು ಮಾಡು' ಅನ್ನುತ್ತಿದ್ದಳು. ಆರಿಸುವುದು ಎಂಬ ಮಾತೇ ಅವಳಿಗೆ ಅಪಶಕುನ. ಮುಂಬೈಗೆ ಬಂದು ಮೂವತ್ತೈದು ವರ್ಷವಾದ ಮೇಲೆ, ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗ್ಯಾರೇಜೊಂದರಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತ ಹುಡುಗನೊಬ್ಬ 'ಸಾಬ್, ಬತ್ತೀ ಬುಝಾ ದೂಂ?' ಎಂದು ಕೇಳಿದಾಗ ಅಜ್ಜಿಯ ನೆನಪಾಯಿತು. ಅವನು ಕೇಳಿದ್ದು ನನ್ನ ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ತಿಂಗಳುಗಟ್ಟಲೆ ಉರಿಯುತ್ತಿದ್ದ ಹಳದಿ ದೀಪದ ಬಗ್ಗೆ.

ಕಾರು 2011ರದ್ದು. 2010ರ ಏಪ್ರಿಲ್‌ನಿಂದ ಮುಂಬೈ, ಬೆಂಗಳೂರು, ಸೊಲ್ಲಾಪುರ ಸೇರಿದಂತೆ 13 ನಗರಗಳಲ್ಲಿ ಭಾರತ್ ಸ್ಟೇಜ್-4 ನಿಯಮ ಬಂತಲ್ಲ, ಅದರ ಜೊತೆಗೇ ಇಂಜಿನ್ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ವ್ಯವಸ್ಥೆಯೂ ಕಡ್ಡಾಯವಾಯಿತು. ಹೊಗೆ ಕೊಳವೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ; ಒಳಗೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಲೇಪ, ಅದಕ್ಕೇ ದುಬಾರಿ. ಅದರ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸರ್. ಮುಂದಿನದು ಸದಾ ಮೇಲೆ ಕೆಳಗೆ ಕುಣಿಯುತ್ತಿರಬೇಕು, ಹಿಂದಿನದು ಶಾಂತವಾಗಿರಬೇಕು. ಹಿಂದಿನದೂ ಕುಣಿಯಲು ಶುರು ಮಾಡಿತೆಂದರೆ ಡಬ್ಬಿ ಕೆಲಸ ಮಾಡುತ್ತಿಲ್ಲವೆಂದು ಕಂಪ್ಯೂಟರ್ ತಿಳಿಯುತ್ತದೆ. ಎರಡು ಓಡಾಟದಲ್ಲಿ ಅದೇ ಕಂಡರೆ ದೀಪ ಹಚ್ಚುತ್ತದೆ. ಸ್ಕ್ಯಾನರ್ ಜೋಡಿಸಿದರೆ 'ಪಿ0420' ಎಂದು ತೋರಿಸುತ್ತದೆ.

ಆದರೆ ಡಬ್ಬಿಯೇ ಕೆಟ್ಟಿದೆ ಎಂದು ಆ ಸಂಖ್ಯೆ ಹೇಳುವುದಿಲ್ಲ. ಸೆನ್ಸರ್ ಕೆಟ್ಟಿರಬಹುದು, ಪ್ಲಗ್ ಸರಿಯಾಗಿ ಉರಿಯದಿರಬಹುದು, ಕೊಳವೆಯ ಜೋಡಣೆಯಲ್ಲಿ ಎಲ್ಲೋ ಗಾಳಿ ನುಸುಳುತ್ತಿರಬಹುದು. ಜ್ವರವಿದೆ ಅನ್ನುತ್ತದೆ, ಯಾವ ಜ್ವರ ಎಂದು ಹೇಳುವುದಿಲ್ಲ. ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದ, ದೀಪ ಹೋಯಿತು, ಹತ್ತು ದಿನಕ್ಕೆ ಬಂತು. ಇನ್ನೊಬ್ಬ ಸೆನ್ಸರ್ ಬದಲಿಸಿದ, ಹೋಯಿತು, ಮತ್ತೆ ಬಂತು. ಮೂರನೆಯವನು ಕನ್ವರ್ಟರೇ ಬದಲಿಸಬೇಕು ಅಂದ. ಅವನು ಹೇಳಿದ ದರಕ್ಕೆ ನನ್ನ ಕಾರಿನ ಕಾಲುಭಾಗ ಬರುತ್ತಿತ್ತು. ಅಲ್ಲಿಗೆ ಸುಮ್ಮನಾದೆ. ಗಾಡಿ ಓಡುತ್ತಿತ್ತಲ್ಲ! ದೀಪವೂ ನನಗೆ ರೂಢಿಯಾಯಿತು. ಇದು ಅಪಾಯದ ರೂಢಿ ಎಂದು ಆಮೇಲೆ ಹೊಳೆಯಿತು. ಹತ್ತಾರು ದೋಷಗಳಿಗೆ ಇರುವುದು ಒಂದೇ ದೀಪ. ಅದು ಸದಾ ಉರಿಯುತ್ತಲೇ ಇದ್ದರೆ ನಾಳೆ ಬೇರೊಂದು ರೋಗ ಬಂದರೂ ನನಗೆ ಗೊತ್ತಾಗುವುದಿಲ್ಲ.

ಕಾರು ಮಾರುವುದೆಂದು ತೀರ್ಮಾನಿಸಿದಾಗ ಗ್ಯಾರೇಜಿನ ಹುಡುಗ ಆ ಪ್ರಶ್ನೆ ಕೇಳಿದ್ದು. ಬೆಳಿಗ್ಗೆ ಅಳಿಸಿದರೆ ದೀಪ ಮತ್ತೆ ಹತ್ತಲು ಒಂದೆರಡು ದಿನವಾದರೂ ಬೇಕು, ಗಿರಾಕಿ ಮಧ್ಯಾಹ್ನ ಬರುತ್ತಾನೆ. ಇನ್ನೂ ಹೆಚ್ಚು ದಿನ ಬೇಕಿದ್ದರೆ ಹಿಂದಿನ ಸೆನ್ಸರಿನ ಕೆಳಗೆ ಒಂದು ಸಣ್ಣ ಕೊಳವೆ ಕೂರಿಸಿ ಅದಕ್ಕೆ ಹೊಗೆ ಸರಿಯಾಗಿ ತಾಗದ ಹಾಗೆ ಮಾಡುತ್ತೇನೆ ಎಂದ. ಎರಡನೆಯದು ಮೋಸ ಅನ್ನಿಸಿತು. ಮೊದಲನೆಯದು ಯಾಕೋ ಅನ್ನಿಸಲಿಲ್ಲ. 'ಅಳಿಸು' ಅಂದೆ.

ಬಂದ ಹುಡುಗ ವಿಜಯಪುರ ಕಡೆಯವನು. ಮುಂಬೈಗೆ ಬಂದು ವರ್ಷವಾಗಿತ್ತು, ಡೊಂಬಿವಿಲಿಯಲ್ಲಿ ಬಾಡಿಗೆ ಮನೆ. ತಾಯಿಗೆ ಲೋಕಲ್ ಟ್ರೇನಿನ ಗದ್ದಲ ಆಗೋದಿಲ್ಲ, ದವಾಖಾನೆಗೆ ಕರಕೊಂಡು ಹೋಗಲು ಒಂದು ಹಳೆಯ ಕಾರು ಸಾಕು ಅಂದ. ಮುಲುಂಡಿನಿಂದ ಐರೋಲಿ ಸೇತುವೆಯವರೆಗೆ ಓಡಿಸಿ ಬಂದೆವು. ಬಾನೆಟ್ ಕೂಡ ಎತ್ತಿ ನೋಡಲಿಲ್ಲ. 'ನಮ್ಮವರ ಗಾಡಿ ಅಂದ್ಮ್ಯಾಲ ನೋಡೋದೇನೈತ್ರಿ ಸರ' ಎಂದು ಮುಂಗಡದ ನೋಟು ಎಣಿಸತೊಡಗಿದ.

ನಾನು ಆಗ ಹೇಳಿದೆ. ಧೈರ್ಯದಿಂದಲ್ಲ, ಬಾಯಿಂದ ಜಾರಿತು ಅನ್ನಬೇಕು. ಅವನು ಸ್ವಲ್ಪ ಹೊತ್ತು ಡ್ಯಾಶ್‌ಬೋರ್ಡಿನ ಆ ಕಪ್ಪು ಜಾಗವನ್ನೇ ನೋಡಿದ. 'ಮೊದ್ಲ ಯಾಕ ಹೇಳ್ಲಿಲ್ರಿ ಸರ?' ಅಂದ. ಬೆಲೆ ಇಳಿಸುತ್ತೇನೆ ಅಂದೆ. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ನೋಟು ಕಿಸೆಗೆ ಇಟ್ಟುಕೊಂಡು ಹೋದವನು ಮತ್ತೆ ಫೋನ್ ಮಾಡಲಿಲ್ಲ. ದೀಪ ಉರಿಯುತ್ತಿದ್ದಾಗಲೇ ತೋರಿಸಿ ಬೆಲೆ ಇಳಿಸಿದ್ದರೆ ಬಹುಶಃ ಕೊಳ್ಳುತ್ತಿದ್ದ. ಅವನಿಗೆ ಭಯ ಹುಟ್ಟಿಸಿದ್ದು ಇಂಜಿನ್ ಅಲ್ಲ, ನಾನು.

ಬ್ಯಾಂಕಿನಲ್ಲಿದ್ದವನಿಗೆ ಈ ವಿದ್ಯೆ ಹೊಸದೇನೂ ಆಗಿರಲಿಲ್ಲ. 2004ರ ಮಾರ್ಚ್ 31ರಿಂದ ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ಎನ್‌ಪಿಎ ಎಂದು ರಿಸರ್ವ್ ಬ್ಯಾಂಕಿನ ನಿಯಮ. ಅದೂ ಒಂದು ಹಳದಿ ದೀಪವೇ. ಅದನ್ನು ಆರಿಸುವ ಉಪಾಯವೂ ಎಲ್ಲ ಶಾಖೆಗಳಿಗೆ ಗೊತ್ತಿತ್ತು: ಮಾರ್ಚ್ ಕೊನೆಯಲ್ಲಿ ಹೊಸ ಸಾಲ ಕೊಟ್ಟು ಹಳೆಯ ಬಾಕಿಗೆ ಜಮಾ ಮಾಡುವುದು. ಅಜ್ಜಿಯ ಹಾಗೆ ನಾವೂ ಅದಕ್ಕೆ ಮಂಗಳಕರ ಹೆಸರುಗಳನ್ನು ಇಟ್ಟಿದ್ದೆವು, 'ನವೀಕರಣ', 'ಮರುಹೊಂದಾಣಿಕೆ'. 2015ರಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ದೊಡ್ಡ ಬ್ಯಾಂಕುಗಳ ಲೆಕ್ಕ ಕೆದಕಿಸಿದಾಗ ಇಂಥ ಎಷ್ಟು ದೀಪಗಳು ಒಟ್ಟಿಗೆ ಹೊತ್ತಿಕೊಂಡವು ಎಂಬುದು ಪತ್ರಿಕೆ ಓದುವ ಎಲ್ಲರಿಗೂ ನೆನಪಿರಬಹುದು.

2006ರ ಮಾರ್ಚಿನಲ್ಲಿ ಒಂದು ಸಣ್ಣ ಮುದ್ರಣಾಲಯದ ಖಾತೆಗೆ ನಾನೇ ಹಾಗೆ ಮಾಡಿದ್ದೆ. ಮರುವರ್ಷವೂ ಮಾಡಿದೆ. ಶಾಖೆಯ ಲೆಕ್ಕ ಚೊಕ್ಕವಾಯಿತು. ಅದರ ಮಾಲೀಕ ಮಾತ್ರ, ಬ್ಯಾಂಕಿನವರೇ ನಂಬಿ ಮತ್ತೆ ಸಾಲ ಕೊಟ್ಟಿದ್ದಾರೆ ಅಂದಮೇಲೆ ನನ್ನ ಧಂದೆ ಗಟ್ಟಿ ಇದೆ ಎಂದು ತಿಳಿದು ಬಾವಮೈದುನನ ಹತ್ತಿರವೂ ದುಡ್ಡು ತಂದು ಹಾಕಿದ. 2008ರಲ್ಲಿ ಮುದ್ರಣಾಲಯ ಮುಚ್ಚಿತು. ಖಾತೆ ನನ್ನ ಶಾಖೆಯದು, ನಿಜ. ಆದರೆ ಆ ದೀಪ ಉರಿಯಬೇಕಾಗಿದ್ದುದು ಅವನ ಕಣ್ಣಿಗೆ. ನನ್ನದಲ್ಲದ ದೀಪವನ್ನು ನಾನು ಆರಿಸಿದ್ದೆ. ಲೆಕ್ಕಪರಿಶೋಧಕರಿಗೆ ಸಿಗದ ತಪ್ಪು ಅದು.

ಹಾಗಾದರೆ ಪ್ರೀತಿಯಿಂದ ಆರಿಸಿದರೆ? ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರವಿಲ್ಲ. 2009ರ ಮಾರ್ಚಿನಲ್ಲಿ ಅವ್ವ ಬಚ್ಚಲಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ನಾನು ರವಿವಾರ ಫೋನ್ ಮಾಡಿದಾಗಲೆಲ್ಲ ಅಣ್ಣ 'ಎಲ್ಲಾ ಆರಾಮ ಅದ' ಅನ್ನುತ್ತಿದ್ದ. ಅವ್ವ ಎಲ್ಲಿ ಅಂದರೆ ಮಲಗ್ಯಾಳ, ಗುಡಿಗೆ ಹೋಗ್ಯಾಳ. ನಿಜ ತಿಳಿದು ರಾತ್ರಿ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅವಳು ನನ್ನ ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. 'ನಿನಗ ಮಾರ್ಚ್ ಕ್ಲೋಸಿಂಗ್ ಇರ್ತದ, ಅಲ್ಲಿ ಕೂತು ಏನ ಮಾಡಾಂವ ಇದ್ದಿ ಅಂತ ಹೇಳಲಿಲ್ಲಪಾ' ಅಂದ ಅಣ್ಣ. ಅವನ ಮೇಲೆ ಸಿಟ್ಟು ಮಾಡುವ ಹಕ್ಕು ನನಗೂ ಇರಲಿಲ್ಲ. ಮರುವರ್ಷ ನನ್ನ ಎದೆಗೆ ಸ್ಟೆಂಟ್ ಹಾಕಿದಾಗ, ಪುಣೆಯಲ್ಲಿ ಟ್ರೇನಿಂಗ್ ಇದೆ, ಫೋನ್ ಹತ್ತೋದಿಲ್ಲ ಎಂದು ನಾನೂ ಅವನಿಗೆ ಹೇಳಿದ್ದೆ. ಊರು ಬಿಟ್ಟವರ ಮತ್ತು ಊರಲ್ಲಿ ಉಳಿದವರ ನಡುವೆ ಫೋನಿನಲ್ಲಿ ನಡೆಯುವ ಅರ್ಧ ವ್ಯವಹಾರ ಇದೇ ಇರಬೇಕು. ಎರಡೂ ಕಡೆ ದೀಪ ದೊಡ್ಡದು ಮಾಡಿ ಕೂತಿರುತ್ತೇವೆ. ಹೇಳಿದ್ದರೆ ಅವ್ವ ಉಳಿಯುತ್ತಿದ್ದಳು ಎಂದು ನಾನು ಅನ್ನುವುದಿಲ್ಲ. ಅವಳ ಹತ್ತಿರ ಎಂಟು ದಿನ ಕೂತಿರಬಹುದಿತ್ತು, ಅಷ್ಟೇ. ಆ ಎಂಟು ದಿನ ಬೇಕೋ ಬೇಡವೋ ಎಂದು ನಿರ್ಧರಿಸುವುದು ನನಗೆ ಬಿಟ್ಟದ್ದಾಗಬೇಕಿತ್ತು.

ಕಾರು ಮಾರಲಿಲ್ಲ. ದೀಪ ಮೂರನೆಯ ದಿನಕ್ಕೆ ಮತ್ತೆ ಬಂತು. ಭಾಂಡುಪಿನ ಒಬ್ಬ ಮುದುಕ ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಮೊದಲು ಕೇಳಿದ್ದು 'ಇದನ್ನು ಎಷ್ಟು ಸಲ ಅಳಿಸಿದ್ದೀರಿ?' ದೋಷ ಕಂಡ ಕ್ಷಣದಲ್ಲಿ ವೇಗವೆಷ್ಟು, ಬಿಸಿ ಎಷ್ಟು ಎಂದು ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಸಂಖ್ಯೆ ಅಳಿಸಿದರೆ ಅದೂ ಅಳಿಸಿ ಹೋಗುತ್ತದಂತೆ. ಗಾಡಿಯನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಶುರು ಮಾಡಿ, ಕೊಳವೆಯ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದ. ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು. ಗ್ಯಾಸ್ಕೆಟ್ ಸವೆದಿತ್ತು. ಹೊಸದಕ್ಕೆ ಮುನ್ನೂರು ರೂಪಾಯಿ, ಕೂಲಿ ಬೇರೆ.

ಆಮೇಲೆ ದೀಪ ಹತ್ತಿಲ್ಲ. ಆದರೂ ಗಾಡಿ ಶುರು ಮಾಡುವಾಗ ಕೀಲಿ ತಿರುಗಿಸಿ ಒಂದು ಕ್ಷಣ ನಿಲ್ಲುತ್ತೇನೆ. ಆಗ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು. ಹಳದಿ ದೀಪ ಹತ್ತಿದರೆ ಅದಕ್ಕಿನ್ನೂ ಜೀವ ಇದೆ ಎಂದು ಅರ್ಥ.

ಹೋದ ರವಿವಾರ ಅಣ್ಣ ಎಂದಿನಂತೆ 'ಆರಾಮ ಇದ್ದೇನಪಾ' ಅಂದ. 'ಅದು ಇರಲಿ, ಶುಗರ್ ಎಷ್ಟು ಬಂತು?' ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಎದ್ದು ಹೋಗಿ ಚೀಟಿ ಹುಡುಕಿದ ಸದ್ದು ಕೇಳಿಸಿತು. 'ಇನ್ನೂರಾ ನಲವತ್ತು' ಅಂದ. ಆಮೇಲೆ, 'ನಿಂದು?'